ಅತ್ತೆಯವರ ತಂದೆತಾಯಿಯ ಮದುವೆ ದಾಖಲೆಯನ್ನು ಹುಡುಕಿದ ಬಗೆ

ನನ್ನ ಅತ್ತೆಯವರು ನೆದರ್‌ಲೆಂಡ್ಸ್‌ನ ಬ್ರೆಡಾ ನಗರದವರು. ಅವರ ತಂದೆತಾಯಿಗೆ 1953ರಲ್ಲಿ ಮದುವೆಯಾಯಿತೆಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಆದರೆ ಎಲ್ಲಿ, ಯಾವ ದಿನ ಎಂಬುದು ಯಾರಿಗೂ ತಿಳಿದಿರಲಿಲ್ಲ. ಮದುವೆಯ ಹೊತ್ತಿಗೆ ದಂಪತಿಗೆ ಕೊಡುವ ‘ಟ್ರೌಬೂಕ್ಯ’ ಎಂಬ ಕಿರುಪುಸ್ತಿಕೆ ಮನೆ ಬದಲಾಯಿಸುವಾಗ ಕಳೆದುಹೋಗಿತ್ತು. ಅದನ್ನು ಹೇಳುವಾಗ ಅತ್ತೆಯವರ ಮುಖದಲ್ಲಿ ಕಂಡ ಬೇಸರವೇ ನನ್ನನ್ನು ಈ ಕೆಲಸಕ್ಕೆ ಹಚ್ಚಿತು.

ಮೊದಲು ನಾನು ನೆದರ್‌ಲೆಂಡ್ಸ್‌ನ ಹಳೆಯ ಜನನ, ವಿವಾಹ, ಮರಣ ದಾಖಲೆಗಳನ್ನು ಹುಡುಕಬಹುದಾದ ‘ವೀವಾಸ್‌ವೀ’ ಜಾಲತಾಣದಲ್ಲಿ ಇಬ್ಬರ ಹೆಸರನ್ನೂ ಬಗೆಬಗೆಯ ಕಾಗುಣಿತದಲ್ಲಿ ಹಾಕಿ ಎರಡು ವಾರ ಹುಡುಕಿದೆ. ಏನೂ ಸಿಗಲಿಲ್ಲ, ಸಿಗುವಂತೆಯೂ ಇರಲಿಲ್ಲ. ಆ ದೇಶದಲ್ಲಿ ಜನನ ದಾಖಲೆ 100 ವರ್ಷ, ವಿವಾಹ ದಾಖಲೆ 75 ವರ್ಷ, ಮರಣ ದಾಖಲೆ 50 ವರ್ಷ ತುಂಬಿದ ಮೇಲೆಯೇ ಸಾರ್ವಜನಿಕವಾಗುತ್ತದೆ. 1953ರ ವಿವಾಹ ಪುಸ್ತಕ ತೆರೆದುಕೊಳ್ಳುವುದು 2029ರ ಜನವರಿಯಲ್ಲಿ.

ಆದ್ದರಿಂದ ಇಂಥ ಹತ್ತಿರದ ಕಾಲದ ಮದುವೆಯನ್ನು ಹುಡುಕುವವರು ಮದುವೆಯಿಂದಲ್ಲ, ಮರಣದಿಂದ ಆರಂಭಿಸಬೇಕೆಂಬುದನ್ನು ನಾನು ಆಗ ಕಲಿತೆ. 1939ರಿಂದ 1994ರವರೆಗೆ ನೆದರ್‌ಲೆಂಡ್ಸ್‌ನ ಪ್ರತಿ ನಿವಾಸಿಗೂ ‘ಪರ್ಸೂನ್ಸ್‌ಕಾರ್ಟ್’ ಎಂಬ ಒಂದು ಚೀಟಿ ಇರುತ್ತಿತ್ತು, ಆತ ಊರು ಬದಲಾಯಿಸಿದರೆ ಅದೂ ಹಿಂದೆಯೇ ಹೋಗುತ್ತಿತ್ತು. ಆ ಅವಧಿಯಲ್ಲಿ ತೀರಿಕೊಂಡವರ ಚೀಟಿಯ ನಕಲನ್ನು ಹೇಗ್ ನಗರದ ಸಿ.ಬಿ.ಜಿ. ಎಂಬ ಕುಟುಂಬ ಇತಿಹಾಸ ಕೇಂದ್ರ ಹಣ ಪಡೆದು ಕಳುಹಿಸಿಕೊಡುತ್ತದೆ. ಅತ್ತೆಯವರ ತಂದೆ 1981ರಲ್ಲಿ ತೀರಿಕೊಂಡಿದ್ದರಿಂದ ನಾನು ಅವರ ಚೀಟಿಗೆ ಬರೆದೆ. ಬಂದ ನಕಲಿನಲ್ಲಿ ಅವರ ಹುಟ್ಟಿದ ದಿನ, ತಂದೆತಾಯಿಯ ಹೆಸರು, ಮಕ್ಕಳ ಹೆಸರು, ಒಂದರ ಕೆಳಗೊಂದು ಹೊಡೆದುಹಾಕಿದ ಹಳೆಯ ವಿಳಾಸಗಳು ಇದ್ದವು. ಹೆಂಡತಿಯ ಹೆಸರಿನ ಪಕ್ಕದಲ್ಲಿ ಮದುವೆಯ ದಿನಾಂಕವೂ ಊರೂ ಬೆರಳಚ್ಚಿನಲ್ಲಿ ಸ್ಪಷ್ಟವಾಗಿ ಮೂಡಿದ್ದವು. ಆ ಊರು ಬ್ರೆಡಾ ಆಗಿರಲಿಲ್ಲ. ಗಡಿಯಾಚೆಗೆ, ಬೆಲ್ಜಿಯಂನ ಆಂಟ್ವರ್ಪ್ ಪ್ರಾಂತ್ಯದ ಒಂದು ಸಣ್ಣ ಪಟ್ಟಣವಾಗಿತ್ತು. ಮದುವೆ ಹೆಣ್ಣಿನ ಊರಿನಲ್ಲಿ ನಡೆದಿತ್ತು.

ಬೆಲ್ಜಿಯಂನಲ್ಲಿ ವಿವಾಹ ದಾಖಲೆಗಳು ಮೊದಲು 100 ವರ್ಷ ಮುಚ್ಚಿರುತ್ತಿದ್ದವು, 2019ರ ಮಾರ್ಚ್ 31ರಿಂದ ಅಲ್ಲಿಯೂ 75 ವರ್ಷವಾಗಿದೆ. ಅದಕ್ಕಿಂತ ಈಚಿನ ದಾಖಲೆಯನ್ನು ಕೇಳುವ ಹಕ್ಕು ಆ ದಂಪತಿಯ ಮಕ್ಕಳು, ಮೊಮ್ಮಕ್ಕಳಂಥವರಿಗೆ ಉಂಟು, ಸೊಸೆಯಾದ ನನಗಿಲ್ಲ. ಹಾಗಾಗಿ ಅರ್ಜಿಯನ್ನು ನಾನು ಬರೆದೆ, ಸಹಿಯನ್ನು ಅತ್ತೆಯವರು ಹಾಕಿದರು. ತಾವು ಮಗಳೆಂಬುದಕ್ಕೆ ತಮ್ಮ ಜನನ ಪತ್ರದ ಪ್ರತಿಯನ್ನು ಲಗತ್ತಿಸಿದರು.

ಉತ್ತರ ಬರುವವರೆಗೆ ಅತ್ತೆಯವರ ತಾಯಿಯ ಅಕ್ಕತಂಗಿಯರನ್ನು ಹುಡುಕೋಣವೆಂದು ಕುಳಿತಾಗ ಇನ್ನೊಂದು ವಿಷಯ ತಿಳಿಯಿತು. ‘ವಾನ್ ಡೆನ್ ಬರ್ಗ್’ನಂಥ ಹೆಸರನ್ನು ಡಚ್ಚರು ಅಕಾರಾದಿಯಲ್ಲಿ ‘ಬಿ’ ಅಕ್ಷರದಡಿ ಇಡುತ್ತಾರೆ, ಬೆಲ್ಜಿಯಂನವರು ‘ವಿ’ ಅಕ್ಷರದಡಿ ಇಡುತ್ತಾರೆ. ಇದನ್ನು ತಿಳಿಯದೆ ನಾನು ಒಂದು ಇಡೀ ಸಂಜೆ ತಪ್ಪು ಪುಟಗಳನ್ನು ತಿರುವಿದ್ದೆ. ಹೆಂಗಸರನ್ನು ಅವರ ಹುಟ್ಟುಮನೆಯ ಹೆಸರಿನಲ್ಲಿಯೇ ಹುಡುಕಬೇಕು, ಏಕೆಂದರೆ ಎರಡೂ ದೇಶಗಳ ದಾಖಲೆಗಳಲ್ಲಿ ಮದುವೆಯ ನಂತರವೂ ಆ ಹೆಸರೇ ಉಳಿಯುತ್ತದೆ. ಬೆಲ್ಜಿಯಂನ ಉತ್ತರ ಭಾಗವಾದ ಫ್ಲಾಂಡರ್ಸ್‌ನ ಕ್ಯಾಥೊಲಿಕ್ ಮನೆಗಳಲ್ಲಿ ಸಾವಿನ ಪ್ರಾರ್ಥನೆಗೆ ಅಚ್ಚು ಹಾಕಿಸುವ ‘ಬಿಡ್‌ಪ್ರೆಂಟ್ಯ’ ಎಂಬ ಪುಟ್ಟ ಚೀಟಿಗಳಲ್ಲಿ ‘ಇಂಥವರ ಪತ್ನಿ’, ‘ಇಂಥವರ ವಿಧವೆ’ ಎಂದು ಬರೆದಿರುತ್ತದೆ. ಒಬ್ಬ ತಂಗಿಯ ಗಂಡನ ಹೆಸರು ನನಗೆ ಸಿಕ್ಕಿದ್ದು ಅಂಥ ಒಂದು ಚೀಟಿಯಿಂದಲೇ.

ಕೆಲವು ವಾರಗಳ ನಂತರ ಮದುವೆ ದಾಖಲೆಯ ನಕಲು ಬಂತು. ಅತ್ತೆಯವರು ಕನ್ನಡಕ ಹಾಕಿಕೊಂಡು ದಿನಾಂಕವನ್ನು ಓದಲಿಲ್ಲ, ನೇರವಾಗಿ ಪುಟದ ಕೆಳಗೆ ಹೋಗಿ ತಾಯಿಯ ಸಹಿಯ ಮೇಲೆ ಬೆರಳಿಟ್ಟರು.