ಮುಪ್ಪಿನ ಬೆಕ್ಕಿನ ಆರೈಕೆ: ಮದ್ದಿಗಿಂತ ಮೊದಲು ಕೈ ಪಳಗಬೇಕು

ಒಂದು ಮಾತ್ರೆಗಾಗಿ ಮೂವರು ಸೇರಿ ಒಂದು ಬೆಕ್ಕನ್ನು ಅಮುಕಿ ಹಿಡಿದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಒಬ್ಬರು ಕತ್ತಿನ ಹಿಂದಿನ ಚರ್ಮ ಹಿಡಿದು ಎತ್ತಿದ್ದರು, ಇನ್ನೊಬ್ಬರು ಕಾಲುಗಳನ್ನು ಬಿಗಿಹಿಡಿದಿದ್ದರು, ಮೂರನೆಯವರು ಮಾತ್ರೆಯನ್ನು ಗಂಟಲಿಗೆ ತುರುಕುತ್ತಿದ್ದರು. 16 ವರ್ಷದ, 3 ಕಿಲೋ ಕೂಡ ತೂಗದ ಜೀವ ಅದು. ಮಾತ್ರೆ ನೊರೆಯ ಜೊತೆ ಹೊರಗೆ ಬಂತು. ಬೆಕ್ಕು ಮಂಚದಡಿ ಸೇರಿ ಮರುದಿನವೆಲ್ಲ ಊಟ ಮುಟ್ಟಲಿಲ್ಲ. ಆ ಮೂವರಿಗೂ ಅದರ ಮೇಲೆ ಜೀವವೇ ಇತ್ತು. ಹೇಗೆ ಹಿಡಿಯಬೇಕೆಂದು ಮಾತ್ರ ಯಾರೂ ಅವರಿಗೆ ತೋರಿಸಿರಲಿಲ್ಲ.

ಪ್ರಾಣಿಗಳ ಯೋಗಕ್ಷೇಮದ ಚರ್ಚೆಯಲ್ಲಿ ‘ಐದು ಸ್ವಾತಂತ್ರ್ಯಗಳು’ ಎಂಬ ಮಾತು ಪದೇ ಪದೇ ಬರುತ್ತದೆ. 1979ರಲ್ಲಿ ಬ್ರಿಟನ್ನಿನ ಫಾರ್ಮ್ ಅನಿಮಲ್ ವೆಲ್‌ಫೇರ್ ಕೌನ್ಸಿಲ್ ಇವುಗಳನ್ನು ಮುಂದಿಟ್ಟದ್ದು ಜಾನುವಾರುಗಳಿಗಾಗಿ. ಹಸಿವು ಬಾಯಾರಿಕೆಗಳಿಂದ ಬಿಡುಗಡೆ, ಇರುವ ನೆಲೆಯಲ್ಲಿ ನೆಮ್ಮದಿ, ನೋವು ಮತ್ತು ರೋಗದಿಂದ ಬಿಡುಗಡೆ, ಸಹಜವಾಗಿ ನಡೆದುಕೊಳ್ಳುವ ಅವಕಾಶ, ಭಯ ಸಂಕಟಗಳಿಂದ ಬಿಡುಗಡೆ. ಕಾಯಿಲೆ ಬಿದ್ದ ಬೆಕ್ಕಿನ ವಿಷಯದಲ್ಲಿ ನಾವು ಮೊದಲ ಮೂರಕ್ಕಾಗಿ ಹೆಣಗುತ್ತಾ ಕೊನೆಯ ಎರಡನ್ನು ತುಳಿದುಹಾಕುತ್ತೇವೆ. ಈ ಲೇಖನದ ಹಂತಗಳನ್ನು ಓದುವಾಗ ಆ ಕೊನೆಯ ಎರಡು ನಿಮ್ಮ ನೆನಪಿನಲ್ಲಿರಲಿ.

1. ‘ವಯಸ್ಸಾಯಿತು’ ಎಂದು ಕೈಬಿಡಬೇಡಿ

ಮುಪ್ಪು ರೋಗವಲ್ಲ. 10 ವರ್ಷ ದಾಟಿದ ಬೆಕ್ಕು ತೆಳ್ಳಗಾಗುತ್ತಿದ್ದರೆ ಅದಕ್ಕೊಂದು ಕಾರಣವಿರುತ್ತದೆ. ಚೆನ್ನಾಗಿ ತಿಂದೂ ಇಳಿದುಹೋಗುತ್ತಿದ್ದರೆ ಥೈರಾಯ್ಡ್ ಅತಿಯಾಗಿ ಕೆಲಸ ಮಾಡುತ್ತಿರಬಹುದು, ಸಕ್ಕರೆ ಕಾಯಿಲೆಯೂ ಇರಬಹುದು. ನೀರು ಹೆಚ್ಚು ಕುಡಿದು ಮೂತ್ರ ಹೆಚ್ಚು ಮಾಡುತ್ತಿದ್ದರೆ ಮೂತ್ರಪಿಂಡಗಳ ಮೇಲೆ ಅನುಮಾನ ಪಡಬೇಕು. ಮೂತ್ರಪಿಂಡದ ಶಕ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ಕಳೆದುಹೋಗುವವರೆಗೂ ಅವು ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಲ್ಮಶದ ಮಟ್ಟ ರಕ್ತದಲ್ಲಿ ಏರದೆ ಇರಬಹುದು. ಹಾಗಾಗಿ ಲಕ್ಷಣ ಕಾಣಲಿ ಎಂದು ಕಾಯದೆ, 10 ವರ್ಷದ ನಂತರ ಆರು ತಿಂಗಳಿಗೊಮ್ಮೆ ರಕ್ತ, ಮೂತ್ರ, ರಕ್ತದೊತ್ತಡ ಮೂರನ್ನೂ ನೋಡಿಸಿ. ರಕ್ತದೊತ್ತಡವನ್ನು ಬಿಡುವವರೇ ಹೆಚ್ಚು. ಒತ್ತಡ ಏರಿದ ಬೆಕ್ಕು ರಾತ್ರಿ ಬೆಳಗಾಗುವುದರೊಳಗೆ ಕುರುಡಾಗಬಹುದು. ಕಣ್ಣಿನ ಪಾಪೆ ದೊಡ್ಡದಾಗಿ ಗೋಡೆಗೆ ಹಾಯುತ್ತಿದ್ದರೆ ಅದೇ ದಿನ ವೈದ್ಯರಲ್ಲಿಗೆ ಓಡಬೇಕು.

ಮನೆಯಲ್ಲಿ ಮಾಡಬೇಕಾದದ್ದು ಒಂದೇ: ಒಂದು ಪುಸ್ತಕ ಇಟ್ಟು ವಾರಕ್ಕೊಮ್ಮೆ ತೂಕ ಬರೆಯಿರಿ. ಎಳೆಮಕ್ಕಳನ್ನು ತೂಗುವ ತಕ್ಕಡಿ ಸಾಕು. 4 ಕಿಲೋ ಬೆಕ್ಕು 200 ಗ್ರಾಂ ಕಳೆದುಕೊಂಡರೆ ಕಣ್ಣಿಗೆ ಗೊತ್ತಾಗುವುದಿಲ್ಲ, ಆದರೆ ಅದು ದೇಹದ ನೂರರಲ್ಲಿ ಐದು ಪಾಲು. ಬೆಕ್ಕು ಗಾಢ ನಿದ್ದೆಯಲ್ಲಿರುವಾಗ ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತದೆ ಎಂಬುದನ್ನೂ ಎಣಿಸಿ ಬರೆಯಿರಿ. ಮತ್ತೆ ಮತ್ತೆ 30 ದಾಟುತ್ತಿದ್ದರೆ ವೈದ್ಯರಿಗೆ ತಿಳಿಸಿ.

2. ಮನೆಯನ್ನು ಅದರ ಎತ್ತರಕ್ಕೆ ಇಳಿಸಿ

12 ವರ್ಷ ದಾಟಿದ ಬಹುಪಾಲು ಬೆಕ್ಕುಗಳ ಎಕ್ಸ್-ರೇಯಲ್ಲಿ ಕೀಲು ಸವೆತ ಕಾಣುತ್ತದೆ. ಮಂಚಕ್ಕೆ, ಕಿಟಕಿಗೆ ಮೆಟ್ಟಿಲಿನಂತೆ ಏನಾದರೂ ಇಡಿ. ಜಾರುವ ನೆಲಕ್ಕೆ ಚಾಪೆ ಹಾಸಿ. ಲಿಟರ್ ತಟ್ಟೆಯ (ಬೆಕ್ಕು ಮಲಮೂತ್ರ ಮಾಡಲು ಮರಳಿನಂಥ ಹರಳು ತುಂಬಿಡುವ ತಟ್ಟೆ) ಒಂದು ಬದಿಯಾದರೂ ಬೆಕ್ಕು ಎಗರದೆ ಕಾಲಿಡುವಷ್ಟು ತಗ್ಗಾಗಿರಲಿ. ಮುಚ್ಚಳವಿರುವ ತಟ್ಟೆ, ಸುಗಂಧ ಬೆರೆಸಿದ ಲಿಟರ್ ಎರಡನ್ನೂ ಮನೆಯಿಂದ ಹೊರಗೆ ಹಾಕಿ. ಅವು ಮನುಷ್ಯರ ಮೂಗಿಗಾಗಿ ಮಾಡಿದ ಸರಕು. ತಟ್ಟೆಯ ಹೊರಗೆ ಮೂತ್ರ ಮಾಡಿದ ಮುದಿ ಬೆಕ್ಕನ್ನು ಗದರಿಸಬೇಡಿ, ಅದಕ್ಕೆ ಅಲ್ಲಿಯವರೆಗೆ ಹೋಗಲಾಗಿಲ್ಲ ಅಷ್ಟೆ. ಲಿಲ್ಲಿ ಹೂವಿನ ಗಿಡವಿದ್ದರೆ ಇಂದೇ ತೆಗೆಯಿರಿ. ಮೈಗಂಟಿದ ಪರಾಗವನ್ನು ನೆಕ್ಕಿದರೂ ಬೆಕ್ಕಿನ ಮೂತ್ರಪಿಂಡ ಕೆಡುತ್ತದೆ.

3. ತಿನ್ನಿಸುವುದು

ಮುದಿ ಬೆಕ್ಕು ವಾಸನೆಯಿಂದ ತಿನ್ನುತ್ತದೆ. ಹಸಿ ಆಹಾರವನ್ನು (ಡಬ್ಬಿ, ಪೊಟ್ಟಣಗಳಲ್ಲಿ ಸಿಗುವ ಒದ್ದೆ ಆಹಾರ, ಹಸಿ ಮಾಂಸವಲ್ಲ) ಮೈಬಿಸಿಯಷ್ಟು ಬೆಚ್ಚಗೆ ಮಾಡಿ, ಅಗಲ ತಟ್ಟೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ನಾಲ್ಕೈದು ಸಲ ಇಡಿ. ಹಸಿ ಆಹಾರದಲ್ಲಿ ಮುಕ್ಕಾಲು ಪಾಲಿನಷ್ಟು ನೀರೇ ಇರುವುದರಿಂದ ಮೂತ್ರಪಿಂಡದ ತೊಂದರೆಯಿರುವ ಬೆಕ್ಕಿಗೆ ಒಣ ಕಾಳಿಗಿಂತ ಅದೇ ಮೇಲು. ವೈದ್ಯರು ಹೇಳಿದ ವಿಶೇಷ ಆಹಾರಕ್ಕೆ ಒಂದೇ ದಿನ ಬದಲಾಯಿಸಬೇಡಿ, ವಾರಗಟ್ಟಲೆ ತೆಗೆದುಕೊಂಡರೂ ನಷ್ಟವಿಲ್ಲ. ಅದು ಆ ಆಹಾರವನ್ನು ಮುಟ್ಟುವುದೇ ಇಲ್ಲವೆಂದರೆ, ಉಪವಾಸ ಬೀಳುವುದಕ್ಕಿಂತ ಹಳೆಯ ಆಹಾರ ತಿನ್ನುವುದೇ ಒಳ್ಳೆಯದು.

ಇಲ್ಲಿ ಒಂದು ಎಚ್ಚರಿಕೆ. ಬೆಕ್ಕು ಉಪವಾಸ ತಡೆಯುವ ಪ್ರಾಣಿಯಲ್ಲ. ಎರಡು ಮೂರು ದಿನ ತಿನ್ನದಿದ್ದರೆ ಮೈಯ ಕೊಬ್ಬು ಯಕೃತ್ತಿಗೆ ನುಗ್ಗಿ ಅದನ್ನೇ ಕೆಡಿಸುತ್ತದೆ. ಒಂದು ಇಡೀ ದಿನ ಏನೂ ತಿನ್ನದಿದ್ದರೆ ಫೋನ್ ಮಾಡಿ. ಸಿರಿಂಜ್‌ನಲ್ಲಿ ಊಟವನ್ನು ಬಲವಂತವಾಗಿ ಬಾಯಿಗೆ ಒತ್ತುವ ಅಭ್ಯಾಸ ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಶ್ವಾಸನಾಳಕ್ಕೆ ಇಳಿಯುವ ಅಪಾಯ ಒಂದು ಕಡೆ, ಆ ಆಹಾರದ ಮೇಲೆಯೇ ಶಾಶ್ವತವಾಗಿ ಹೇಸಿಗೆ ಹುಟ್ಟುವುದು ಇನ್ನೊಂದು ಕಡೆ. ಓಕರಿಕೆ ನಿಲ್ಲಿಸುವ, ಹಸಿವು ಹೆಚ್ಚಿಸುವ ಮದ್ದುಗಳಿವೆ. ಅಗತ್ಯ ಬಿದ್ದರೆ ವೈದ್ಯರು ಊಟಕ್ಕೆ ನಳಿಕೆ ಹಾಕಬಲ್ಲರು. ಅವನ್ನು ಕೇಳಿ ಪಡೆಯಿರಿ.

4. ಮಾತ್ರೆ ನುಂಗಿಸುವುದು

ಎಲ್ಲರೂ ಎಡವುವುದು ಇಲ್ಲಿ. ನಿಧಾನವಾಗಿ ಓದಿ, ಮೊದಲು ಮಾತ್ರೆಯಿಲ್ಲದೆ ಅಭ್ಯಾಸ ಮಾಡಿ.

ಮಾತ್ರೆಯೇ ಬೇಕೇ ಎಂದು ವೈದ್ಯರನ್ನು ಕೇಳುವುದು ಮೊದಲ ಕೆಲಸ. ಕೆಲವು ಔಷಧಗಳು ದ್ರವವಾಗಿ ಸಿಗುತ್ತವೆ, ಕೆಲವನ್ನು ಕಿವಿಯ ಒಳಬದಿಗೆ ಹಚ್ಚಿದರೆ ಸಾಕು. ಪುಡಿ ಮಾಡಬಹುದೇ ಎಂದು ಕೇಳದೆ ಪುಡಿ ಮಾಡಬೇಡಿ. ಕೆಲವು ಮಾತ್ರೆಗಳ ಮೇಲಿನ ಲೇಪಕ್ಕೆ ಅದರದೇ ಉದ್ದೇಶವಿರುತ್ತದೆ. ಒಳಗಿನ ಕಹಿ ನಾಲಗೆಗೆ ತಾಗಿದರೆ ಬೆಕ್ಕು ನೊರೆ ಸುರಿಸುತ್ತದೆ. ಇಡೀ ಬಟ್ಟಲಿನ ಊಟಕ್ಕೆ ಪುಡಿ ಬೆರೆಸುವುದಂತೂ ಕೆಟ್ಟ ಅಡ್ಡದಾರಿ. ಮದ್ದೂ ಹೋಯಿತು, ಊಟವೂ ಹೋಯಿತು. ಊಟದಲ್ಲೇ ಕೊಡುವುದಾದರೆ ಹೀಗೆ ಮಾಡಿ: ಹಸಿದ ಹೊತ್ತಿನಲ್ಲಿ ಬೆರಳ ತುದಿಯಷ್ಟು ಮೆತ್ತನೆಯ ಮೂರು ಉಂಡೆ. ಮೊದಲನೆಯದು ಖಾಲಿ, ಎರಡನೆಯದರಲ್ಲಿ ಮಾತ್ರೆ, ಮೂರನೆಯದು ಖಾಲಿ. ಮೂರನೆಯದು ಮೂಗಿನ ಮುಂದೆ ಇರುವಾಗ ಎರಡನೆಯದನ್ನು ಅಗಿಯುವ ವ್ಯವಧಾನ ಅದಕ್ಕಿರುವುದಿಲ್ಲ. ಮಾತ್ರೆ ಮುಟ್ಟಿದ ಬೆರಳಿನಿಂದ ಮೂರನೆಯ ಉಂಡೆ ಮುಟ್ಟಬೇಡಿ.

ಇದಕ್ಕೆ ಒಗ್ಗದ ಬೆಕ್ಕಿಗೆ ಕೈಯಿಂದಲೇ ಕೊಡಬೇಕು. ಮಲಗಿದ ಜಾಗದಿಂದ, ಅಡಗಿದ ಮೂಲೆಯಿಂದ ಎಳೆದು ತರಬೇಡಿ. ಆ ಜಾಗ ಅದರ ಪಾಲಿನ ಆಸರೆ, ಅದಕ್ಕೆ ಕೈಹಾಕಬಾರದು. ಮಾತ್ರೆ, ನೀರು ತುಂಬಿದ ಸಿರಿಂಜ್, ಆಮೇಲೆ ಕೊಡುವ ತಿಂಡಿ, ಎಲ್ಲವನ್ನೂ ಮೊದಲೇ ಜೋಡಿಸಿಡಿ. ಸೊಂಟದೆತ್ತರದ ಮೇಜಿನ ಮೇಲೆ ಟವೆಲ್ ಹಾಸಿ ಬೆಕ್ಕನ್ನು ಕೂರಿಸಿ. ಅದರ ಬೆನ್ನು ನಿಮ್ಮ ಹೊಟ್ಟೆಗೆ ಆನಿಕೊಂಡಿರಲಿ, ಮುಖ ಆಚೆಗಿರಲಿ. ಹಿಂದೆ ಸರಿದರೆ ಅದಕ್ಕೆ ಸಿಗುವುದು ನೀವೇ. ಹೀಗಾಗಿ ಬಿಗಿಹಿಡಿಯುವ ಅಗತ್ಯವೇ ಬೀಳುವುದಿಲ್ಲ.

ಬಲಗೈಯವರಾದರೆ ಎಡಗೈಯನ್ನು ತಲೆಯ ಮೇಲಿನಿಂದ ತಂದು, ಹೆಬ್ಬೆರಳು ಒಂದು ಕೆನ್ನೆಯ ಎಲುಬಿನ ಮೇಲೆ, ಉಳಿದ ಬೆರಳುಗಳು ಇನ್ನೊಂದರ ಮೇಲೆ ಬರುವಂತೆ ಹಿಡಿಯಿರಿ. ಹಿಡಿತ ಎಲುಬಿನ ಮೇಲಿರಬೇಕು. ಮೀಸೆಯ ಮೇಲೂ ಅಲ್ಲ, ಗಂಟಲ ಮೇಲೂ ಅಲ್ಲ. ತಲೆಯನ್ನು ಮೆಲ್ಲನೆ ಹಿಂದಕ್ಕೆ ವಾಲಿಸಿ, ಮೂಗು ಚಾವಣಿ ನೋಡುವಷ್ಟು. ಕೆಳದವಡೆ ತಾನಾಗಿಯೇ ಸಡಿಲವಾಗುತ್ತದೆ. ಬಲಗೈಯ ಹೆಬ್ಬೆರಳು ತೋರುಬೆರಳುಗಳಲ್ಲಿ ಮಾತ್ರೆ ಹಿಡಿದು, ಮಧ್ಯದ ಬೆರಳನ್ನು ಕೆಳಗಿನ ಮುಂಭಾಗದ ಸಣ್ಣ ಹಲ್ಲುಗಳ ಮೇಲಿಟ್ಟು ಬಾಯಿ ತೆರೆಯಿರಿ. ಮಾತ್ರೆಯನ್ನು ನಾಲಗೆಯ ನಟ್ಟನಡುವೆ, ಆದಷ್ಟು ಹಿಂದಕ್ಕೆ, ಉಬ್ಬಿನ ಆಚೆ ಬೀಳಿಸಿ. ಬೀಳಿಸಬೇಕು, ತುರುಕಬಾರದು. ಪಕ್ಕಕ್ಕೆ ಬಿದ್ದರೆ ಹಲ್ಲಿಗೆ ಸಿಕ್ಕಿ ಹೊರಗೆ ಬರುತ್ತದೆ. ಕೂಡಲೇ ಬಾಯಿ ಮುಚ್ಚಿಸಿ ತಲೆಯನ್ನು ಸಹಜ ಮಟ್ಟಕ್ಕೆ ಇಳಿಸಿ. ತಲೆ ಮೇಲೆತ್ತಿಯೇ ಹಿಡಿದಿರುವುದು ಅನೇಕರು ಮಾಡುವ ತಪ್ಪು. ಕತ್ತು ಚಾಚಿದಾಗ ನುಂಗುವುದು ಕಷ್ಟ. ಬೆಕ್ಕು ಮೂಗು ನೆಕ್ಕಿಕೊಂಡರೆ ಮಾತ್ರೆ ಇಳಿದಿದೆ ಎಂದು ತಿಳಿಯಿರಿ.

ಕೆಲಸ ಇನ್ನೂ ಮುಗಿದಿಲ್ಲ. ಒಣಗಂಟಲಿಗೆ ಕೊಟ್ಟ ಮಾತ್ರೆ ಅನ್ನನಾಳದಲ್ಲೇ ಅಂಟಿಕೊಂಡು ಹುಣ್ಣು ಮಾಡಬಲ್ಲದು. ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಮಾತ್ರೆಗೆ ಈ ಕುಖ್ಯಾತಿ ಇದೆ. ಪ್ರತಿ ಮಾತ್ರೆಯ ನಂತರ 5–6 ಮಿಲಿಲೀಟರ್ ನೀರನ್ನು, ಬಾಯಿಯ ಪಕ್ಕದಿಂದ, ಕೋರೆಹಲ್ಲಿನ ಹಿಂದಿನ ಸಂದಿಯಲ್ಲಿ, ಅದು ನುಂಗುವ ವೇಗಕ್ಕೆ ತಕ್ಕಂತೆ ಒಂದೊಂದು ಹನಿ ಬಿಡಿ. ನೀರು ಬೇಡವೆಂದರೆ ಒಂದೆರಡು ತುತ್ತು ಹಸಿ ಆಹಾರ ತಿನ್ನಿಸಿ. ಮಾತ್ರೆಗೆ ಒಂದಿಷ್ಟು ಬೆಣ್ಣೆ ಸವರಿದರೆ ಇಳಿಯುವುದು ಸುಲಭ. ಮಾತ್ರೆ ಹಾಕುವ ಸಾಧನಗಳಲ್ಲಿ ತುದಿ ಮೆತ್ತಗಿರುವುದನ್ನು ಮಾತ್ರ ಕೊಳ್ಳಿ; ಗಟ್ಟಿ ಪ್ಲಾಸ್ಟಿಕ್ ತುದಿಯದು ಗಂಟಲನ್ನು ಗೀರುತ್ತದೆ.

ಎರಡು ಸಲ ಪ್ರಯತ್ನಿಸಿ ಆಗಲಿಲ್ಲವೆಂದರೆ ಬಿಡಿ. ಅರ್ಧ ಗಂಟೆ ಕಳೆಯಲಿ. ಕತ್ತಿನ ಚರ್ಮ ಹಿಡಿದೆತ್ತುವುದು ಬೇಡವೇ ಬೇಡ. ಅದು ತಾಯಿ ಮರಿಯನ್ನು ಹೊರುವ ರೀತಿ, ಕೀಲುನೋವಿನ ಮುದಿ ಜೀವವನ್ನು ಹಿಡಿಯುವ ರೀತಿಯಲ್ಲ. ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ: ಮದ್ದು ಕೊಡಲು ಒಂದು ಸಲ ಮುಟ್ಟಿದರೆ, ಏನನ್ನೂ ಕೊಡದೆ, ಏನನ್ನೂ ನೋಡದೆ, ಸುಮ್ಮನೆ ಹತ್ತು ಸಲ ಮುಟ್ಟಿ. ನನ್ನ ಬೂದಿ ಎಂಬ ಬೆಕ್ಕು 18ನೆಯ ವಯಸ್ಸಿನಲ್ಲಿ ನನ್ನ ಹೆಜ್ಜೆಯ ಸದ್ದಿಗೇ ಎದ್ದು ಹೋಗತೊಡಗಿದಾಗ ನನಗಿದು ತಿಳಿಯಿತು. ನನ್ನ ಕೈ ಅದರ ಪಾಲಿಗೆ ಬರಿಯ ಮದ್ದಿನ ಕೈಯಾಗಿಹೋಗಿತ್ತು. ಬೆಳಗಿನ ಮಾತ್ರೆಗೆ ಒಂದೇ ಮೇಜು, ಒಂದೇ ಟವೆಲ್ ಎಂದು ನಿಗದಿ ಮಾಡಿ, ಉಳಿದ ಮನೆಯಲ್ಲೆಲ್ಲ ಬರಿಗೈಯಲ್ಲಿ ಅದರ ಬಳಿ ಕೂರತೊಡಗಿದೆ. ಮೂರು ವಾರ ಹಿಡಿಯಿತು, ಆದರೆ ತೊಡೆಗೆ ಮರಳಿತು.

ಮನುಷ್ಯರ ನೋವಿನ ಮಾತ್ರೆಗಳನ್ನು ಎಂದೂ ಕೊಡಬೇಡಿ. ಪ್ಯಾರಾಸಿಟಮಾಲ್‌ನ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಅದನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗಿಲ್ಲ, ರಕ್ತವು ಆಮ್ಲಜನಕ ಒಯ್ಯುವ ಬಲವನ್ನೇ ಕಳೆದುಕೊಳ್ಳುತ್ತದೆ. ನಾಯಿಗಳಿಗೆಂದು ಮಾಡಿದ, ಪರ್ಮೆಥ್ರಿನ್ ಎಂಬ ಕೀಟನಾಶಕ ಇರುವ ಉಣ್ಣೆ ನಿವಾರಕ ಹನಿಗಳೂ ಬೆಕ್ಕಿಗೆ ವಿಷವೇ.

5. ಚರ್ಮದಡಿ ಸಲೈನ್

ಮೂತ್ರಪಿಂಡದ ತೊಂದರೆಯಿರುವ ಕೆಲವು ಬೆಕ್ಕುಗಳಿಗೆ ಮನೆಯಲ್ಲೇ ದ್ರವ ಕೊಡಲು ವೈದ್ಯರು ಹೇಳುತ್ತಾರೆ. ಅವರೆದುರು ಒಮ್ಮೆ ನೀವೇ ಮಾಡಿ ತೋರಿಸಿದ ಮೇಲಷ್ಟೇ ಮನೆಯಲ್ಲಿ ಆರಂಭಿಸಿ. ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಮೈಬಿಸಿಗೆ ತನ್ನಿ. ತಣ್ಣನೆಯ ದ್ರವವೇ ಬೆಕ್ಕು ಒದ್ದಾಡಲು ಅರ್ಧ ಕಾರಣ. ಪ್ರತಿ ಸಲ ಹೊಸ ಸೂಜಿ. ಭುಜಗಳ ನಡುವಿನ ಚರ್ಮವನ್ನು ಗುಡಾರದಂತೆ ಎತ್ತಿ, ಅದರ ಬುಡಕ್ಕೆ ಸೂಜಿಯನ್ನು ಅಳುಕದೆ ಒಂದೇ ಸಲಕ್ಕೆ ಹಾಕಿ. ಹೆದರಿ ನಿಧಾನವಾಗಿ ಚುಚ್ಚಿದರೆ ಹೆಚ್ಚು ನೋವು. ಆಮೇಲೆ ಕಾಣುವ ಉಬ್ಬು ಭುಜದಿಂದ ಕಾಲಿನತ್ತ ಜಾರಿ ಕೆಲವು ಗಂಟೆಗಳಲ್ಲಿ ಇಂಗಿಹೋಗುತ್ತದೆ. ಮರುದಿನವೂ ಉಳಿದಿದ್ದರೆ ಮುಂದಿನ ಪ್ರಮಾಣ ಕೊಡದೆ ವೈದ್ಯರನ್ನು ಕೇಳಿ. ಹೃದಯದ ತೊಂದರೆಯಿದ್ದರೆ ದ್ರವವೇ ಅಪಾಯ. ಶಕ್ತಿ ಬರಲಿ ಎಂದು ಗ್ಲೂಕೋಸ್ ಬಾಟಲಿಯನ್ನು ನೀವಾಗಿ ಬಳಸಬೇಡಿ, ಅದು ಚರ್ಮದಡಿ ಹಾಕುವಂಥದ್ದಲ್ಲ.

6. ಮೈ ಶುಚಿ

ದಿನಕ್ಕೊಮ್ಮೆ ಮೃದು ಬ್ರಷ್, ಒದ್ದೆ ಬಟ್ಟೆ, ಸ್ನಾನ ಬೇಡ. ಉಗುರುಗಳು ಬಾಗಿ ಪಾದಕ್ಕೇ ಚುಚ್ಚಿಕೊಳ್ಳುತ್ತವೆ, ತಿಂಗಳಿಗೊಮ್ಮೆ ಕತ್ತರಿಸಿ.

7. ನೋವನ್ನು ಓದುವುದು

ಬೆಕ್ಕು ನೋವಿಗೆ ಕೂಗುವುದಿಲ್ಲ. ಗುರುಗುಟ್ಟುವುದನ್ನೇ ನೆಮ್ಮದಿಯ ಗುರುತು ಎಂದು ನಂಬಬೇಡಿ. ತೀವ್ರ ನೋವಿನಲ್ಲೂ, ಸಾಯುವ ಹೊತ್ತಿನಲ್ಲೂ ಬೆಕ್ಕುಗಳು ಗುರುಗುಟ್ಟುತ್ತವೆ. ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಮುಖಭಾವದ ಮಾಪನ ಇಲ್ಲಿ ನೆರವಿಗೆ ಬರುತ್ತದೆ. ಕಿವಿಗಳ ನಿಲುವು, ಕಣ್ಣು ಕಿರಿದಾಗಿರುವುದು, ಮೂತಿಯ ಬಿಗಿತ, ಮೀಸೆಯ ದಿಕ್ಕು, ಭುಜಕ್ಕೆ ಹೋಲಿಸಿದರೆ ತಲೆಯ ಮಟ್ಟ, ಈ ಐದಕ್ಕೆ 0ರಿಂದ 2ರವರೆಗೆ ಅಂಕ. ಮೊತ್ತ 10ಕ್ಕೆ 4 ಮುಟ್ಟಿದರೆ ನೋವಿಗೆ ಮದ್ದು ಬೇಕೆಂದು ಅರ್ಥ. ಇದು ತೀವ್ರ ನೋವಿಗಾಗಿ ಮಾಡಿದ ಅಳತೆ. ದಿನವೂ ಕೊರೆಯುವ ಕೀಲುನೋವು ಮುಖಕ್ಕಿಂತ ಅಭ್ಯಾಸಗಳಲ್ಲಿ ಕಾಣುತ್ತದೆ: ಕಿಟಕಿಗೆ ಹಾರುವುದನ್ನು ಬಿಟ್ಟಿತು, ಬೆನ್ನ ಕೂದಲು ಜಡೆಗಟ್ಟಿತು, ಎತ್ತಿಕೊಂಡರೆ ಸಿಡುಕುತ್ತದೆ. ಪುಸ್ತಕದಲ್ಲಿ ಇವನ್ನೂ ಬರೆಯಿರಿ.

8. ಸಾಕು ಎನ್ನುವ ದಿನ

ಈ ನಿರ್ಧಾರವನ್ನು ಅಳು ಉಕ್ಕಿದ ರಾತ್ರಿಯಲ್ಲಿ ಮಾಡಬಾರದು, ಮೊದಲೇ ಅಳತೆ ಇಟ್ಟುಕೊಂಡಿರಬೇಕು. ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಾಲೊಬೋಸ್ 2004ರಲ್ಲಿ ಏಳು ಅಂಶಗಳ ಅಳತೆಯೊಂದನ್ನು ಕೊಟ್ಟರು: ನೋವು, ಹಸಿವು, ನೀರಿನಂಶ, ಶುಚಿ, ಸಂತೋಷ, ಓಡಾಟ, ಮತ್ತು ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚಿವೆಯೇ ಎಂಬುದು. ಒಂದೊಂದಕ್ಕೂ 10 ಅಂಕ. ಸ್ಥಿತಿ ಉತ್ತಮವಿದ್ದಷ್ಟೂ ಹೆಚ್ಚು. ಒಟ್ಟು 35ಕ್ಕಿಂತ ಮೇಲಿದ್ದರೆ ಆರೈಕೆ ಮುಂದುವರಿಸಬಹುದು. ವಾರಕ್ಕೊಮ್ಮೆ, ಮನೆಯ ಇಬ್ಬರು ಬೇರೆ ಬೇರೆಯಾಗಿ ಅಂಕ ಹಾಕಿ ಹೋಲಿಸಿ. ನಮ್ಮ ಆಸೆ ಅಂಕವನ್ನು ಮೇಲಕ್ಕೆ ಎಳೆಯುತ್ತದೆ, ಇನ್ನೊಬ್ಬರ ಕಣ್ಣು ಅದನ್ನು ತಿದ್ದುತ್ತದೆ. ಒಂದು ದಿನ ತಡವಾಗುವುದಕ್ಕಿಂತ ಒಂದು ವಾರ ಮೊದಲಾಗುವುದೇ ಬೆಕ್ಕಿಗೆ ಹಿತ ಎಂಬುದು ನನ್ನ ಖಚಿತ ಅಭಿಪ್ರಾಯ.

ದಯಾಮರಣಕ್ಕೆ ಒಪ್ಪಿದರೆ, ಮೊದಲು ಮಂಪರು ಬರುವ ಚುಚ್ಚುಮದ್ದು ಕೊಡಲು ವೈದ್ಯರನ್ನು ಕೇಳಿ. ಸಾಧ್ಯವಾದರೆ ಮನೆಯಲ್ಲಿ, ಅದರ ಹಾಸಿಗೆಯ ಮೇಲೆಯೇ ಆಗಲಿ. ಹಿಡಿಯುವ ಕೆಲಸ ಬೇರೆಯವರಿಗೆ ಬಿಟ್ಟು ನೀವು ಅದರ ಗದ್ದ ಸವರುತ್ತಿರಿ. ಪ್ರಾಣ ಹೋದ ಮೇಲೂ ಕಣ್ಣು ತೆರೆದೇ ಇರುತ್ತವೆ, ಒಮ್ಮೊಮ್ಮೆ ಉಸಿರೆಳೆದಂತೆ ಮೈ ಅದುರುತ್ತದೆ. ಅದು ನೋವಲ್ಲ, ಮೊದಲೇ ತಿಳಿದಿದ್ದರೆ ಗಾಬರಿಯಾಗುವುದಿಲ್ಲ. ಮನೆಯಲ್ಲಿ ಇನ್ನೊಂದು ಬೆಕ್ಕಿದ್ದರೆ ಮುಂದಿನ ಕೆಲವು ದಿನ ಅದು ಹುಡುಕಾಡಬಹುದು, ಊಟ ಕಡಿಮೆ ಮಾಡಬಹುದು. ಅದೇ ಪುಸ್ತಕದ ಹೊಸ ಹಾಳೆಯಲ್ಲಿ ಅದರ ತೂಕವನ್ನು ಬರೆಯತೊಡಗಿ.