ಹಳೆಯ ಸ್ಪೋರ್ಟ್ಸ್ ಕಾರಿನ ಡಿಕ್ಕಿಯಲ್ಲಿ ಏನಿರಬೇಕು, ಏನಿರಬಾರದು

ಹುಬ್ಬಳ್ಳಿಯಿಂದ ಅಂಕೋಲಾ ದಾರಿ ಹಿಡಿದು, ಅರಬೈಲ್ ಘಟ್ಟದಲ್ಲಿ ಬಾನೆಟ್ ಎತ್ತಿಕೊಂಡು ನಿಲ್ಲುವ ಹಳೆಯ ಕಾರುಗಳಲ್ಲಿ ಬಿಡಿಭಾಗಗಳಿಗೆ ಬರ ಇರುವುದು ಅಪರೂಪ. ಡಿಕ್ಕಿ ತೆರೆದರೆ ಪೊಟ್ಟಣ ಒಡೆಯದ ಸಿ.ಬಿ. ಪಾಯಿಂಟ್ (ಕರೆಂಟ್ ಕಡಿದು ಸ್ಪಾರ್ಕ್ ಎಬ್ಬಿಸುವ ಪುಟ್ಟ ಸ್ವಿಚ್), ಹೊಚ್ಚ ಹೊಸ ಫ್ಯಾನ್ ಬೆಲ್ಟ್, ಥಳಥಳಿಸುವ ಸಾಕೆಟ್ ಸೆಟ್ ಎಲ್ಲವೂ ಇರುತ್ತವೆ. ಆದರೆ ಬೆಲ್ಟ್ ಗಿಡ್ಡ, ಪಾಯಿಂಟ್ ಬೇರೆ ಡೆಲ್ಕೊದ್ದು (ಪ್ಲಗ್‌ಗಳಿಗೆ ಸ್ಪಾರ್ಕ್ ಹಂಚುವ ಡಿಸ್ಟ್ರಿಬ್ಯೂಟರಿಗೆ ಗ್ಯಾರೇಜಿನ ಹೆಸರು ಡೆಲ್ಕೊ), ಸಾಕೆಟ್‌ಗಳು ಮಿಲಿಮೀಟರ್ ಲೆಕ್ಕದವು, ಕಾರಿನ ನಟ್‌ಗಳು ಇಂಚಿನವು.

ಅದಕ್ಕೇ ಒಂದು ನಿಯಮವನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಕಾರಿಗೇ ಒಮ್ಮೆ ಜೋಡಿಸಿ, ಓಡಿಸಿ, ಬಿಚ್ಚಿ ಇಟ್ಟುಕೊಂಡದ್ದು ಮಾತ್ರ ಬಿಡಿಭಾಗ. ಉಳಿದದ್ದೆಲ್ಲ ಭಾರ.

1. ಕಾರಿನ ಜಾತಕ ತಿಳಿದುಕೊಳ್ಳಿ

ಎಂಜಿಬಿ ಮತ್ತು ಟ್ರಯಂಫ್ ಸ್ಪಿಟ್‌ಫೈರ್ ಎರಡೂ 1962ರಿಂದ 1980ರವರೆಗೆ ತಯಾರಾದ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳು. ಅಷ್ಟು ವರ್ಷಗಳಲ್ಲಿ ಒಳಗಿನ ಸಾಮಾನು ಎಷ್ಟೋ ಬದಲಾಗಿದೆ. 1967ಕ್ಕಿಂತ ಹಿಂದಿನ ಎಂಜಿಬಿಯಲ್ಲಿ ಬ್ಯಾಟರಿ ಚಾರ್ಜ್ ಮಾಡಲು ಡೈನಮೊ ಇದೆ, ಬ್ಯಾಟರಿಯ ಪ್ಲಸ್ ತುದಿ ಬಾಡಿಗೆ ಅರ್ಥ್ ಆಗಿದೆ. ಆಮೇಲಿನದರಲ್ಲಿ ಆಲ್ಟರ್ನೇಟರ್ ಬಂತು, ಅರ್ಥ್ ಮೈನಸ್ ಆಯಿತು. ನಿಮ್ಮದು ಪ್ಲಸ್ ಅರ್ಥ್ ಆಗಿದ್ದರೆ ಬಾನೆಟ್ಟಿನ ಒಳಮೈಗೆ ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ, ಹಾಗೆಂದು ಬರೆದಿಡಿ. ದಾರಿಯಲ್ಲಿ ಸಹಾಯಕ್ಕೆ ಬರುವ ಟ್ರ್ಯಾಕ್ಟರಿನವರು ಜಂಪ್ ಕೇಬಲ್ ಹಚ್ಚುವ ಮುಂಚೆ ಅದನ್ನು ಓದಲಿ.

ನಮ್ಮಲ್ಲೇ ಸಿಗುವ ನೆಂಟರನ್ನೂ ಗುರುತಿಸಿಕೊಳ್ಳಿ. ಹಳೆಯ ಅಂಬಾಸಿಡರಿನ 1489 ಸಿಸಿ ಎಂಜಿನ್ ಬಿಎಂಸಿಯ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಬಿ ಸರಣಿಯದು, 1955ರಲ್ಲಿ ಬಂದ ಎಂಜಿಎಯಲ್ಲಿ ಇದ್ದದ್ದೂ ಅದೇ. ಎಂಜಿಬಿಯ 1798 ಸಿಸಿ ಎಂಜಿನ್ ಕೂಡ ಅದೇ ಸರಣಿಯದು. ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಮತ್ತು ಸ್ಪಿಟ್‌ಫೈರ್ ದಾಯಾದಿಗಳು. ಆದ್ದರಿಂದ ಹಳೆಯ ಅಂಗಡಿಯ ಅಟ್ಟದಲ್ಲಿ ಧೂಳು ಹಿಡಿದ ಲ್ಯೂಕಾಸ್ ಟಿವಿಎಸ್ ಪೊಟ್ಟಣ ಕಂಡರೆ ಮುಖ ತಿರುಗಿಸಬೇಡಿ. ಹಾಗೆಂದು ಅಂಗಡಿಯವರ ಬಾಯಿಮಾತಿಗೆ ಕೊಳ್ಳಲೂ ಬೇಡಿ. ಹಳೆಯ ಭಾಗವನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

2. ಪಾನಾ ಆರಿಸುವುದು

ಒಂದು ಭಾನುವಾರ ಪ್ಲಗ್, ಬೆಲ್ಟ್, ಕ್ಲಿಪ್, ಬ್ಯಾಟರಿ ತುದಿ, ಡೆಲ್ಕೊ ಎಲ್ಲವನ್ನೂ ಬಿಚ್ಚಿ ಮತ್ತೆ ಜೋಡಿಸಿ. ಆಗ ಕೈಗೆ ಬಂದ ಪಾನಾಗಳೇ ಒಯ್ಯಬೇಕಾದವು. ಎಂಜಿಬಿಗೆ ಸಾಮಾನ್ಯವಾಗಿ 7/16, 1/2 ಮತ್ತು 9/16 ಇಂಚಿನ ರಿಂಗ್ ಹಾಗೂ ಬಾಯಿ ಪಾನಾ ಸಾಕಾಗುತ್ತವೆ. ಇನ್ನೂ ಹಳೆಯ ಎಂಜಿ ಟಿ ಸರಣಿಯವರಿಗೆ ವಿಟ್‌ವರ್ತ್ (ಹಳೆಯ ಬ್ರಿಟಿಷ್ ಅಳತೆ) ಪಾನಾ ಬೇಕು, ಪದ್ಮಿನಿಯವರಿಗೆ ಮಿಲಿಮೀಟರ್ ಪಾನಾ. ಇವುಗಳ ಜೊತೆಗೆ ಪ್ಲಗ್ ಪಾನಾ, ಎರಡು ಅಳತೆಯ ಸ್ಕ್ರೂ ಡ್ರೈವರ್, ಇಕ್ಕಳ, ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡುಗಳು), ತಲೆಗೆ ಕಟ್ಟುವ ಟಾರ್ಚ್. ಮೊಬೈಲ್ ಟಾರ್ಚ್ ನಂಬಿ ಹೋಗಬೇಡಿ. ಅದನ್ನು ಹಿಡಿಯಲು ಒಂದು ಕೈ ಬೇಕು, ನಿಮಗಿರುವುದು ಎರಡೇ.

ಸಂತೆಯಲ್ಲಿ ಬಣ್ಣದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಸಿಗುವ ಸಾಕೆಟ್ ಸೆಟ್ಟುಗಳ ಬಗ್ಗೆ ನನ್ನ ಅಭಿಪ್ರಾಯ ಖಂಡಿತ: ಕೊಳ್ಳಬೇಡಿ. ಬಿಗಿಯಾದ ಮೊದಲ ನಟ್ಟಿಗೇ ಬಾಯಿ ಅಗಲವಾಗಿ, ನಟ್ಟಿನ ಮೂಲೆಗಳನ್ನೂ ತಿಂದುಹಾಕುತ್ತವೆ. ತಪಾರಿಯಾದ ಆರು ಪಾನಾ ಅಂಥ ಮೂರು ಪೆಟ್ಟಿಗೆಗಿಂತ ಮೇಲು.

3. ಡೆಲ್ಕೊ ಸಾಮಾನು: ಜನ ಎಡವುವುದು ಇಲ್ಲಿಯೇ

ಪಾಯಿಂಟ್, ಅದರ ಮುಖ ಕಿಡಿಗೆ ಸುಡದಂತೆ ಕಾಯುವ ಕಂಡೆನ್ಸರ್, ಸ್ಪಾರ್ಕನ್ನು ಸರದಿಯಂತೆ ಪ್ಲಗ್‌ಗಳಿಗೆ ಕಳಿಸುವ ರೋಟರ್, ಸ್ಪಾರ್ಕಿಗೆ ಬೇಕಾದ ಹೆಚ್ಚು ವೋಲ್ಟೇಜ್ ಕೊಡುವ ಕಾಯಿಲ್. ನಾಲ್ಕನ್ನೂ ಅಂಗೈಯಲ್ಲಿ ಹಿಡಿಯಬಹುದು. ಹಳೆಯ ಕಾರು ದಾರಿಯಲ್ಲಿ ಏಕಾಏಕಿ ನಿಂತಾಗ ಮೊದಲು ಅನುಮಾನಿಸಬೇಕಾದದ್ದೂ ಇವನ್ನೇ. ಇವನ್ನು ಮನೆಯಲ್ಲಿ, ಹಗಲು ಬೆಳಕಿನಲ್ಲಿ, ಅವಸರವಿಲ್ಲದೆ ಬದಲಾಯಿಸಿ ಕಲಿಯಿರಿ.

ಸ್ವಿಚ್ ಬಂದ್ ಮಾಡಿ. ಕ್ಯಾಪಿನ ತಂತಿಗಳನ್ನು ಕೀಳದೆ, ಎರಡು ಕ್ಲಿಪ್ ಸಡಿಲಿಸಿ ಕ್ಯಾಪನ್ನು ಪಕ್ಕಕ್ಕೆ ಸರಿಸಿ. ರೋಟರನ್ನು ನೇರವಾಗಿ ಮೇಲಕ್ಕೆ ಎಳೆಯಿರಿ. ಡೆಲ್ಕೊದ ಕೆಳಗೆ ಒಂದು ಬಟ್ಟೆ ಹಾಸಿ. ಸ್ಕ್ರೂ ಡ್ರೈವರಿನ ತುದಿಗೆ ಸ್ವಲ್ಪ ಗ್ರೀಸ್ ಹಚ್ಚಿದರೆ ಸ್ಕ್ರೂ ಅದಕ್ಕೆ ಅಂಟಿಕೊಂಡೇ ಬರುತ್ತದೆ. ಆ ಪುಟ್ಟ ಸ್ಕ್ರೂ ಬೇಸ್ ಪ್ಲೇಟಿನ ಕೆಳಗೆ ಬಿದ್ದರೆ ಹತ್ತು ನಿಮಿಷದ ಕೆಲಸಕ್ಕೆ ಮಧ್ಯಾಹ್ನವೇ ಹೋಗುತ್ತದೆ.

ಇನ್ನು ಮುಖ್ಯ ವಿಷಯ. ಲ್ಯೂಕಾಸ್ 25ಡಿ4 ಮಾದರಿಯ ಹಳೆಯ ಪಾಯಿಂಟಿನಲ್ಲಿ ಒಂದು ಗೂಟವಿರುತ್ತದೆ. ಕಾಯಿಲಿನಿಂದ ಬಂದ ತಂತಿ, ಕಂಡೆನ್ಸರಿನ ತಂತಿ, ಪಾಯಿಂಟಿನ ಸ್ಪ್ರಿಂಗ್ ಮೂರೂ ಒಂದಕ್ಕೊಂದು ಮುಟ್ಟಿಕೊಂಡಿರಬೇಕು, ಆದರೆ ಮೂರರಲ್ಲಿ ಒಂದೂ ಆ ಗೂಟವನ್ನಾಗಲಿ ಮೇಲಿನ ನಟ್ಟನ್ನಾಗಲಿ ಮುಟ್ಟಬಾರದು. ಗೂಟ ಬಾಡಿಗೆ ಅರ್ಥ್ ಆಗಿದೆ. ಮುಟ್ಟಿದರೆ ಪಾಯಿಂಟ್ ತೆರೆದೂ ಮುಚ್ಚಿದಂತೆಯೇ, ಸ್ಪಾರ್ಕ್ ಬರುವುದಿಲ್ಲ. ಜೋಡಿಸುವ ಕ್ರಮ ಹೀಗಿದೆ: ಮೊದಲು ಗೂಟಕ್ಕೆ ಫೈಬರ್ ವಾಷರ್, ಅದರ ಮೇಲೆ ಸ್ಪ್ರಿಂಗಿನ ಕಣ್ಣು. ಬಳಿಕ ಟೊಪ್ಪಿಯಾಕಾರದ ಪ್ಲಾಸ್ಟಿಕ್ ಬುಷ್ಷಿನ ಕಾಲಿಗೆ ಎರಡೂ ತಂತಿಗಳ ಕಣ್ಣು ಪೋಣಿಸಿ, ಆ ಕಾಲನ್ನು ಸ್ಪ್ರಿಂಗಿನ ಕಣ್ಣಿನೊಳಗೆ ಇಳಿಸಿ. ಟೊಪ್ಪಿಯ ಮೇಲೆ ನಟ್. ರಸ್ತೆ ಬದಿಯಲ್ಲಿ ಹೊಸ ಪಾಯಿಂಟ್ ಹಾಕಿದ ಮೇಲೂ ಕಾರು ಉಸಿರೆತ್ತದಿದ್ದಾಗ ಬಹಳ ಸಲ ಕಾಣುವುದು ಇದೇ ತಪ್ಪು: ತಂತಿಯ ಕಣ್ಣು ಟೊಪ್ಪಿಯ ಮೇಲೆ ಕುಳಿತಿರುತ್ತದೆ, ಇಲ್ಲವೇ ಕೆಳಗಿನ ವಾಷರ್ ಹಳೆಯ ಪಾಯಿಂಟಿಗೆ ಅಂಟಿಕೊಂಡು ಕಸಕ್ಕೆ ಹೋಗಿರುತ್ತದೆ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.

ಹೊಸ ಪಾಯಿಂಟಿನ ಮುಖಕ್ಕೆ ತುಕ್ಕು ಹಿಡಿಯದಂತೆ ಎಣ್ಣೆಯ ಪದರ ಬಳಿದಿರುತ್ತಾರೆ. ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಅದನ್ನು ಒರೆಸಿ. ಆಮೇಲೆ ಗ್ಯಾಪ್. ಕಾರನ್ನು ಟಾಪ್ ಗೇರಿಗೆ ಹಾಕಿ ಮೆಲ್ಲಗೆ ಮುಂದಕ್ಕೆ ತಳ್ಳಿದರೆ ಎಂಜಿನ್ ತಿರುಗುತ್ತದೆ. ಪ್ಲಗ್ ಬಿಚ್ಚಿಟ್ಟರೆ ಒಬ್ಬರೇ ತಳ್ಳಬಹುದು. ಪಾಯಿಂಟಿನ ಹಿಮ್ಮಡಿ ಕ್ಯಾಮಿನ ಏಣಿನ ತುತ್ತತುದಿಗೆ ಬಂದು ಬಾಯಿ ಪೂರ್ತಿ ತೆರೆದಾಗ ನಿಲ್ಲಿಸಿ, 0.35ರಿಂದ 0.40 ಮಿಲಿಮೀಟರ್ ಅಳತೆಯ ಫೀಲರ್ ಗೇಜ್ ತೂರಿಸಿ. ತಗಡು ಎರಡೂ ಮುಖಕ್ಕೆ ಸವರಿಕೊಂಡು ಹೊರಬರಬೇಕು, ಬಾಯಿಯನ್ನು ಅಗಲಿಸಬಾರದು. ಲಾಕ್ ಸ್ಕ್ರೂ ಬಿಗಿದ ಮೇಲೆ ಮತ್ತೊಮ್ಮೆ ಅಳೆಯಿರಿ. ಬಿಗಿಯುವಾಗ ಪ್ಲೇಟ್ ಜರುಗುವುದು ಸಾಮಾನ್ಯ. ಕ್ಯಾಮಿಗೆ ಅಕ್ಕಿಕಾಳಿನಷ್ಟು ಗ್ರೀಸ್ ಸಾಕು. ಹೆಚ್ಚಾದರೆ ಹಾರಿ ಪಾಯಿಂಟಿನ ಮುಖಕ್ಕೇ ಬೀಳುತ್ತದೆ.

ಕ್ಯಾಪ್ ಮುಚ್ಚುವ ಮುಂಚೆ ಪರೀಕ್ಷೆ. ಒಂದು 12 ವೋಲ್ಟ್ ಬಲ್ಬಿಗೆ ಎರಡು ತಂತಿ ಬೆಸುಗೆ ಹಾಕಿದರೆ ಟೆಸ್ಟ್ ಲ್ಯಾಂಪ್ ಸಿದ್ಧ. ಸ್ವಿಚ್ ಹಾಕಿ, ಅದರ ಒಂದು ತುದಿಯನ್ನು ಕಾಯಿಲಿನಿಂದ ಡೆಲ್ಕೊಗೆ ಹೋಗುವ ತಂತಿಯ ತುದಿಗೂ ಇನ್ನೊಂದನ್ನು ಬಾಡಿಗೂ ಹಿಡಿಯಿರಿ. ಪಾಯಿಂಟ್ ಮುಚ್ಚಿದಾಗ ಬಲ್ಬ್ ಆರಬೇಕು, ತೆರೆದಾಗ ಹತ್ತಬೇಕು. ಸದಾ ಹತ್ತಿಯೇ ಇದ್ದರೆ ಪಾಯಿಂಟಿನ ಮುಖಗಳು ಕೂಡುತ್ತಿಲ್ಲ, ಮತ್ತೆ ಒರೆಸಿ. ಎಂದೂ ಹತ್ತದಿದ್ದರೆ ಮೇಲೆ ಹೇಳಿದ ವಾಷರಿನ ಎಡವಟ್ಟು, ಇಲ್ಲವೇ ಕಾಯಿಲಿಗೇ ಕರೆಂಟ್ ಬರುತ್ತಿಲ್ಲ. ಪರೀಕ್ಷೆ ಮುಗಿದ ಕೂಡಲೇ ಸ್ವಿಚ್ ಬಂದ್ ಮಾಡಿ. ಪಾಯಿಂಟ್ ಮುಚ್ಚಿದ ಸ್ಥಿತಿಯಲ್ಲಿ ಹೊತ್ತು ಕಳೆದರೆ ಕಾಯಿಲ್ ಕಾಯುತ್ತದೆ. ರೋಟರ್ ಹಾಕಿಯೇ ಕ್ಯಾಪ್ ಮುಚ್ಚಿ. ಸೀಟಿನ ಮೇಲೆ ರೋಟರ್ ಇಟ್ಟುಕೊಂಡು ಸ್ಟಾರ್ಟರ್ ಎಳೆಯುತ್ತ ಬ್ಯಾಟರಿ ಇಳಿಸಿದವರಿದ್ದಾರೆ.

ಕಂಡೆನ್ಸರ್ ಕೆಟ್ಟಾಗ ಎಂಜಿನ್ ಬಿಸಿಯಾದ ಮೇಲೆ ಮುಗ್ಗರಿಸುತ್ತದೆ, ಪಾಯಿಂಟಿನ ನಡುವೆ ದೊಡ್ಡ ಕಿಡಿ ಹಾರುತ್ತದೆ. ಇದಕ್ಕೊಂದು ನ್ಯಾಯವಾದ ಅಡ್ಡದಾರಿ ಇದೆ. ಕಂಡೆನ್ಸರ್ ಡೆಲ್ಕೊದ ಒಳಗೇ ಇರಬೇಕೆಂದಿಲ್ಲ. ಅದರ ತಂತಿಯನ್ನು ಕಾಯಿಲಿನ ಡೆಲ್ಕೊ ಕಡೆಯ ತುದಿಗೆ ಸಿಕ್ಕಿಸಿ, ಮೈಯನ್ನು ಕಾಯಿಲಿನ ಬ್ರಾಕೆಟ್ಟಿಗೆ ಬಿಗಿದರೆ ಸಾಕು. ಒಳಗಿನ ಕೆಟ್ಟದ್ದರ ತಂತಿ ಬಿಡಿಸುವುದನ್ನು ಮರೆಯಬೇಡಿ. ಅಂಬಾಸಿಡರ್ ಅಥವಾ ಪದ್ಮಿನಿಯ ಕಂಡೆನ್ಸರ್ ಇದ್ದರೂ ಊರು ಮುಟ್ಟಬಹುದು.

ರೋಟರ್ ಕೊಳ್ಳುವಾಗ ನೆತ್ತಿಯ ಹಿತ್ತಾಳೆ ಪಟ್ಟಿ ಹೇಗೆ ಕೂಡಿಸಿದ್ದಾರೆ ನೋಡಿ. ಅಗ್ಗದ ರೋಟರಿನಲ್ಲಿ ರಿವೆಟ್ ಆಳಕ್ಕೆ ಇಳಿದಿರುತ್ತದೆ. ಕೆಳಗೆ ಉಳಿದ ತೆಳು ಪ್ಲಾಸ್ಟಿಕ್ಕನ್ನು ಸೀಳಿಕೊಂಡು ಸ್ಪಾರ್ಕ್ ಶಾಫ್ಟಿಗೇ ಹರಿದುಬಿಡುತ್ತದೆ. ರಿವೆಟ್ ಇಲ್ಲದ ಕೆಂಪು ರೋಟರ್ ಒಂದಿಷ್ಟು ದುಬಾರಿ, ಆದರೆ ಅದನ್ನೇ ತರಿಸಿಕೊಳ್ಳಿ. ಕಾಯಿಲ್ ಮಾತ್ರ ಓಮ್ ನೋಡಿ ಒಯ್ಯಬೇಕು: ಬ್ಯಾಲಾಸ್ಟ್ (ಕಾಯಿಲಿಗೆ ಹೋಗುವ ಕರೆಂಟ್ ತಗ್ಗಿಸುವ ರೆಸಿಸ್ಟರ್) ಇಲ್ಲದ ಕಾರಿಗೆ ಸುಮಾರು 3 ಓಮ್, ಬ್ಯಾಲಾಸ್ಟ್ ಇದ್ದರೆ ಸುಮಾರು 1.5.

ಪಾಯಿಂಟಿನ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿಕೊಂಡವರು ಇದೆಲ್ಲ ತಮಗಲ್ಲ ಎಂದುಕೊಳ್ಳಬೇಡಿ. ಅದು ಕೆಟ್ಟರೆ ದಾರಿಯಲ್ಲಿ ರಿಪೇರಿ ಇಲ್ಲ. ಪಾಯಿಂಟ್, ಕಂಡೆನ್ಸರ್ ಕೂಡಿಸಿ ಗ್ಯಾಪ್ ಹೊಂದಿಸಿದ ಹಳೆಯ ಬೇಸ್ ಪ್ಲೇಟನ್ನು ಇಡಿಯಾಗಿ ಬಟ್ಟೆಯಲ್ಲಿ ಸುತ್ತಿಟ್ಟುಕೊಳ್ಳಿ.

4. ನೀರು ಮತ್ತು ಬೆಲ್ಟ್

ಐದು ಲೀಟರ್ ನೀರು, ಫ್ಯಾನ್ ಬೆಲ್ಟ್, ಮೇಲಿನ ಮತ್ತು ಕೆಳಗಿನ ರೇಡಿಯೇಟರ್ ಹೋಸ್, ನಾಲ್ಕು ಕ್ಲಿಪ್. ಬೆಲ್ಟ್ ಹೆಬ್ಬೆರಳಿನಿಂದ ಒತ್ತಿದರೆ ಅರ್ಧ ಇಂಚು ತಗ್ಗಬೇಕು. ಬಿಸಿ ರೇಡಿಯೇಟರಿನ ಮುಚ್ಚಳ ತೆಗೆಯಬಾರದು ಎಂದು ಬರೆಯಬೇಕಾಗಿರುವುದೇ ಬೇಸರ, ಆದರೂ ಬರೆಯುತ್ತಿದ್ದೇನೆ.

ರೇಡಿಯೇಟರ್ ಸೋರಿದರೆ ಅರಿಶಿನ ಪುಡಿ ಸುರಿಯಿರಿ ಎನ್ನುವವರು ಪ್ರತಿ ಗ್ಯಾರೇಜಿನಲ್ಲಿಯೂ ಸಿಗುತ್ತಾರೆ. ಸೋರಿಕೆ ನಿಲ್ಲುವುದೂ ಉಂಟು. ತೂತಿನ ಜೊತೆ ರೇಡಿಯೇಟರಿನ ಸಣ್ಣ ನಾಳಗಳನ್ನೂ ಅದು ಮುಚ್ಚುತ್ತದೆ, ಏಪ್ರಿಲ್ ಬಿಸಿಲಿನಲ್ಲಿ ಗದಗ ರಸ್ತೆಯ ಮೇಲೆ ಅದರ ಫಲ ಗೊತ್ತಾಗುತ್ತದೆ. ಸಣ್ಣ ಸೋರಿಕೆಗೆ ಎಂಜಿನ್ ಪೂರ್ತಿ ತಣಿದ ಮೇಲೆ ನೀರು ತುಂಬಿಸಿ, ಮುಚ್ಚಳವನ್ನು ಮೊದಲ ಹಲ್ಲಿಗೆ ಮಾತ್ರ ತಿರುಗಿಸಿ ನಿಧಾನವಾಗಿ ಹೋಗಿ. ಒಳಗೆ ಒತ್ತಡ ಏರದಿದ್ದರೆ ಸೋರುವುದೂ ಕಡಿಮೆ.

5. ಪೆಟ್ರೋಲ್

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20 ಪ್ರತಿಶತದವರೆಗೆ ಎಥೆನಾಲ್ ಇರುತ್ತದೆ. ಹಳೆಯ ರಬ್ಬರ್ ಪೈಪಿಗೆ ಅದು ಆಗಿಬರುವುದಿಲ್ಲ. ಮೆತ್ತಗಾಗುತ್ತದೆ, ಬಿರುಕು ಬಿಡುತ್ತದೆ, ಕರಗಿದ ಚೂರು ಕಾರ್ಬುರೇಟರಿಗೆ ಹೋಗುತ್ತದೆ. ಆರ್9 ಎಂದು ಮೈಮೇಲೆ ಅಚ್ಚಾದ ಪೈಪನ್ನೇ ಕಾರಿಗೆ ಹಾಕಿಸಿ, ಅದರದೇ ಒಂದು ಮೀಟರ್ ತುಂಡು, ಕ್ಲಿಪ್ ಮತ್ತು ಒಂದು ಫಿಲ್ಟರ್ ಜೊತೆಗಿಟ್ಟುಕೊಳ್ಳಿ. ಪಾರದರ್ಶಕ ಪ್ಲಾಸ್ಟಿಕ್ ಪೈಪ್ ಬಿಸಿ ಎಂಜಿನ್ನಿನ ಹತ್ತಿರ ಬೇಡವೇ ಬೇಡ.

ಎಂಜಿಬಿಯ ಎಸ್‌ಯು ಕಂಪನಿಯ ಪೆಟ್ರೋಲ್ ಪಂಪ್ ಹಿಂದಿನ ಬಲ ಚಕ್ರದ ಬಳಿ ಇದೆ. ಅದರ ಟಿಕ್ ಟಿಕ್ ಸದ್ದು ನಿಂತರೆ ಸ್ಕ್ರೂ ಡ್ರೈವರಿನ ಹಿಡಿಯಿಂದ ಹಗುರವಾಗಿ ತಟ್ಟಿ, ಸಾಮಾನ್ಯವಾಗಿ ಮತ್ತೆ ಎಚ್ಚರವಾಗುತ್ತದೆ. ಕಾರ್ಬುರೇಟರಿನಿಂದ ಪೆಟ್ರೋಲ್ ಉಕ್ಕಿದರೆ ಫ್ಲೋಟ್ ಡಬ್ಬಿಗೂ ಇದೇ ಮದ್ದು.

6. ಕರೆಂಟ್

ಗಾಜಿನ ಫ್ಯೂಸ್ ನಾಲ್ಕು, ಟೆಸ್ಟ್ ಲ್ಯಾಂಪ್, ಇನ್ಸುಲೇಷನ್ ಟೇಪ್. ಎಲ್ಲಕ್ಕಿಂತ ಮಿಗಿಲಾಗಿ, ಎರಡೂ ತುದಿಗೆ ಮೊಸಳೆ ಕ್ಲಿಪ್ ಇರುವ ಮೂರು ಮೀಟರ್ ತಂತಿ. ಸ್ವಿಚ್ಚೇ ಕೈಕೊಟ್ಟರೆ, ಬ್ಯಾಲಾಸ್ಟ್ ಇಲ್ಲದ ಕಾರಿನಲ್ಲಿ, ಬ್ಯಾಟರಿಯ ಕರೆಂಟನ್ನು ಕಾಯಿಲಿಗೆ ನೇರವಾಗಿ ಕೊಟ್ಟು ಮನೆ ಸೇರಬಹುದು. ಫ್ಯೂಸಿಗೆ ಸಿಗರೇಟಿನ ಬೆಳ್ಳಿ ಕಾಗದ ಸುತ್ತುವವರು ಅಗ್ನಿಶಾಮಕ ಸಿಲಿಂಡರನ್ನೂ ಒಯ್ಯಲಿ. ವಾಸ್ತವದಲ್ಲಿ ಅದನ್ನು ಎಲ್ಲರೂ ಒಯ್ಯಬೇಕು, ಸೀಟಿನ ಪಕ್ಕದಲ್ಲೇ.

7. ಚಕ್ರ

ನವಲಗುಂದ, ಅಣ್ಣಿಗೇರಿ ಕಡೆಯ ಎರೆಮಣ್ಣಿನಲ್ಲಿ, ಅದರಲ್ಲೂ ಮಳೆಯ ಮರುದಿನ, ಜಾಕ್ ಕಾರನ್ನು ಎತ್ತುವ ಬದಲು ತಾನೇ ಕೆಳಗಿಳಿಯುತ್ತದೆ. ಒಂದು ಅಡಿ ಚದರದ ದಪ್ಪ ಹಲಗೆ ಕಡ್ಡಾಯ. ಚಕ್ರಕ್ಕೆ ತಡೆ ಕೊಡಲು ಎರಡು ಮರದ ತುಂಡು. ಜಾಕ್ ಮೇಲಿರುವ ಕಾರಿನ ಕೆಳಗೆ ತಲೆ ಹಾಕಬೇಡಿ.

ಕಡ್ಡಿ ಚಕ್ರವಿದ್ದರೆ ತಾಮ್ರದ ಸುತ್ತಿಗೆ ಬೇಕು. ಎಂಜಿಯ ಕಡ್ಡಿ ಚಕ್ರದಲ್ಲಿ ಕಿವಿಯುಳ್ಳ ನಟ್ ಸಡಿಲಿಸಲು, ಕಾರು ಮುಂದೆ ಓಡುವಾಗ ಚಕ್ರ ಯಾವ ಕಡೆ ತಿರುಗುತ್ತದೆಯೋ ಆ ಕಡೆಗೆ ಹೊಡೆಯಬೇಕು. ಅಂದರೆ ಬಲಗಡೆಯ ನಟ್ಟಿನ ಮರೆ (ಥ್ರೆಡ್) ಉಲ್ಟಾ. ನಟ್ಟಿನ ಮೇಲೆ ಬಾಣದ ಗುರುತಿರುತ್ತದೆ, ಹೊಡೆಯುವ ಮುಂಚೆ ಓದಿಕೊಳ್ಳಿ. ಹಾದಿಯಲ್ಲಿ ನಿಂತ ಬಲಶಾಲಿಗಳ ಕೈಗೆ ಸುತ್ತಿಗೆ ಕೊಡಬೇಡಿ.

8. ಕಟ್ಟುವುದು

ಪಾನಾಗಳನ್ನು ದಪ್ಪ ಬಟ್ಟೆಯ ಸುರುಳಿಯಲ್ಲಿ ಕಟ್ಟಿ. ತಗಡಿನ ಪೆಟ್ಟಿಗೆ ಬಂಕಾಪುರದವರೆಗೂ ತಲೆ ತಿನ್ನುತ್ತದೆ. ಬೈಂಡಿಂಗ್ ವೈರ್, ಎಂ-ಸೀಲ್, ಸೈಕಲ್ಲಿನ ಬ್ರೇಕ್ ವೈರ್ ಒಂದು (ಆಕ್ಸಿಲರೇಟರ್ ಕೇಬಲ್ ತುಂಡಾದರೆ ಇದೇ ಆಪದ್ಬಾಂಧವ), ಸೀಲ್ ಒಡೆಯದ ಬ್ರೇಕ್ ಆಯಿಲ್ ಬಾಟಲಿ ಸುರುಳಿಯ ಪಕ್ಕಕ್ಕೆ. ಬ್ರೇಕ್ ಆಯಿಲ್ ಬದಲಿಗೆ ಎಂಜಿನ್ ಆಯಿಲ್ ಒಂದು ತೊಟ್ಟೂ ಹಾಕಬೇಡಿ, ಒಳಗಿನ ರಬ್ಬರ್ ಊದಿಕೊಂಡು ಬ್ರೇಕೇ ಹೋಗುತ್ತದೆ. ತ್ರಿಕೋನದ ಎಚ್ಚರಿಕೆ ಫಲಕ ಎಲ್ಲದರ ಮೇಲಿರಲಿ. ಹುಬ್ಬಳ್ಳಿ-ಧಾರವಾಡ ಬೈಪಾಸಿನಲ್ಲಿ ಲಾರಿಗಳು ನಿಮ್ಮ ಹುಡುಕಾಟ ಮುಗಿಯುವವರೆಗೆ ಕಾಯುವುದಿಲ್ಲ.

ಮನೆಯಲ್ಲೇ ಬಿಡಬೇಕಾದವು: ಹೆಡ್ ಗ್ಯಾಸ್ಕೆಟ್, ಕಾರ್ಬುರೇಟರ್ ಕಿಟ್, ಎರಡನೆಯ ಡೈನಮೊ. ಇವನ್ನು ಹಾಕಬೇಕಾಗಿ ಬಂದ ದಿನ ಲಾರಿಯ ಮೇಲೆ ಕಾರು ಹೇರಿಸುವುದೇ ಸರಿ, ಚಪ್ಪಟೆ ಹಾಸಿನ ಲಾರಿಯನ್ನೇ ಕೇಳಿ. ಪ್ಲಾಸ್ಟಿಕ್ ಕ್ಯಾನಿನಲ್ಲಿ ಪೆಟ್ರೋಲ್ ಒಯ್ಯುವ ಚಾಳಿಯನ್ನೂ ಬಿಡಿ. ಕಲಘಟಗಿಯಲ್ಲಿ, ಯಲ್ಲಾಪುರದಲ್ಲಿ ಬಂಕುಗಳಿವೆ.