ತಿರುವಿನ ದಿನಗಳಲ್ಲಿ ನಿರ್ಧಾರ ತೆಗೆದುಕೊಳ್ಳುವುದು ಹೇಗೆ?

1831ರ ಆಗಸ್ಟ್ 29ರಂದು, ವೇಲ್ಸ್ ಪ್ರಾಂತದಲ್ಲಿ ಭೂವಿಜ್ಞಾನದ ಅಧ್ಯಯನ ಮುಗಿಸಿ ಮನೆಗೆ ಮರಳಿದ 22 ವರ್ಷದ ಚಾರ್ಲ್ಸ್ ಡಾರ್ವಿನ್ ಅವರಿಗಾಗಿ ಒಂದು ಪತ್ರ ಕಾದಿತ್ತು. ಬೀಗಲ್ ಎಂಬ ಹಡಗು ದಕ್ಷಿಣ ಅಮೆರಿಕದ ಕಡೆಗೆ ಸಮೀಕ್ಷೆಗೆ ಹೊರಡಲಿದೆ, ಅದರಲ್ಲಿ ಪ್ರಕೃತಿ ವಿಜ್ಞಾನಿಯಾಗಿ ಹೋಗುವ ಅವಕಾಶವಿದೆ ಎಂದು ಅವರ ಗುರು ಹೆನ್‌ಸ್ಲೋ ಬರೆದಿದ್ದರು. ತಂದೆಗೆ ಇದು ಸರಿಕಾಣಲಿಲ್ಲ. 30ರಂದು ಡಾರ್ವಿನ್ ತಮಗೆ ಬರಲಾಗದೆಂದು ಗುರುವಿಗೆ ಉತ್ತರ ಬರೆದರು. 31ರಂದು ಸೋದರಮಾವ ಜೋಸಯಾ ವೆಡ್ಜ್‌ವುಡ್ ಅವರ ಮನೆಗೆ ಹೋಗಿ ವಿಷಯ ತಿಳಿಸಿದರು. ಸೆಪ್ಟೆಂಬರ್ 1ರಂದು ಅದೇ ತಂದೆ ಒಪ್ಪಿಗೆ ಕೊಟ್ಟರು. ಎರಡು ವರ್ಷವೆಂದು ಹೊರಟ ಯಾನ ಸುಮಾರು ಐದು ವರ್ಷ ನಡೆಯಿತು, ಮತ್ತು ಪಾದ್ರಿಯಾಗಬೇಕಿದ್ದ ಯುವಕ ಜೀವವಿಕಾಸದ ಸಿದ್ಧಾಂತವನ್ನು ರೂಪಿಸಿದರು.

ಈ ನಾಲ್ಕು ದಿನಗಳಲ್ಲಿ ತಿರುವಿನ ದಿನ ಯಾವುದು? ಪತ್ರ ಬಂದ ದಿನವೆಂದು ಹೇಳುವುದು ಸುಲಭ, ಆದರೆ ಆ ಪತ್ರಕ್ಕೆ ಮರುದಿನ ಹೋದ ಉತ್ತರ ನಿರಾಕರಣೆಯದಾಗಿತ್ತು. ವೃತ್ತಿಯನ್ನೂ ಬದುಕನ್ನೂ ಬದಲಿಸಿದ ಕ್ಷಣಗಳ ಬಗ್ಗೆ ಮಾತನಾಡುವಾಗ ನಾವು ಒಂದು ಗಳಿಗೆಯನ್ನು ಹುಡುಕುತ್ತೇವೆ; ವಾಸ್ತವದಲ್ಲಿ ಅದರ ಆಚೀಚೆ ಹಲವು ದಿನಗಳಿರುತ್ತವೆ, ಮತ್ತು ನಮ್ಮ ಕೈಯಲ್ಲಿ ಏನಾದರೂ ಇದ್ದರೆ ಅದು ಆ ದಿನಗಳಲ್ಲಿ ನಾವು ಮಾಡುವ ಕೆಲಸ ಮಾತ್ರ. ಆ ಕೆಲಸ ಏನೆಂಬುದನ್ನು ಸಾಧ್ಯವಾದಷ್ಟು ನಿರ್ದಿಷ್ಟವಾಗಿ ಹೇಳುವುದು ಈ ಬರಹದ ಉದ್ದೇಶ.

ಮೊದಲು ನಿಮ್ಮದೇ ಹಿಂದಿನ ತಿರುವುಗಳನ್ನು ಓದಿಕೊಳ್ಳಿ

ಒಂದು ಹಾಳೆಯಲ್ಲಿ, ನಿಮ್ಮ ಓದು, ಕೆಲಸ ಅಥವಾ ಸಂಬಂಧಗಳ ದಿಕ್ಕು ಬದಲಿಸಿದವೆಂದು ನಿಮಗನ್ನಿಸುವ ನಾಲ್ಕೈದು ಘಟನೆಗಳನ್ನು ಬರೆಯಿರಿ. ಪ್ರತಿಯೊಂದರ ಕೆಳಗೆ ಮೂರು ವಿಷಯಗಳನ್ನು ದಾಖಲಿಸಿ: ಆ ಘಟನೆಗೆ ಮುಂಚಿನ ಎರಡು ಮೂರು ತಿಂಗಳು ನೀವು ಏನು ಮಾಡುತ್ತಿದ್ದಿರಿ, ಘಟನೆಯ ನಂತರದ ಹದಿನೈದು ದಿನಗಳಲ್ಲಿ ಏನು ಮಾಡಿದಿರಿ, ಮತ್ತು ಆ ಅವಧಿಯಲ್ಲಿ ಯಾರ ಮಾತಿಗೆ ಕಿವಿಗೊಟ್ಟಿರಿ. ಹೀಗೆ ಬರೆದಾಗ, ಆಕಸ್ಮಿಕವೆಂದುಕೊಂಡಿದ್ದ ಅವಕಾಶಗಳಲ್ಲಿ ಕೆಲವು ನೀವು ಮೊದಲೇ ಕಲಿಯುತ್ತಿದ್ದ ವಿಷಯದಿಂದಲೋ ಪರಿಚಯ ಬೆಳೆಸಿಕೊಂಡ ಜನರಿಂದಲೋ ಬಂದಿದ್ದವೆಂಬುದು ಕಾಣಿಸಬಹುದು. ಡಾರ್ವಿನ್ ಅವರಿಗೆ ಪತ್ರ ಬಂದದ್ದೂ, ಅವರು ಕೇಂಬ್ರಿಡ್ಜ್‌ನಲ್ಲಿ ಹೆನ್‌ಸ್ಲೋ ಅವರ ಜೊತೆ ಬಹಳ ಕಾಲ ಒಡನಾಡಿದ್ದರಿಂದ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಫಲಿತಾಂಶ ತಿಳಿದ ಮೇಲೆ ಹಿಂದಿನದನ್ನು ನೆನೆದರೆ ನೆನಪು ನಮ್ಮನ್ನು ಮೋಸಗೊಳಿಸುತ್ತದೆ. ಅಮೆರಿಕದ ಅಧ್ಯಕ್ಷ ನಿಕ್ಸನ್ 1972ರಲ್ಲಿ ಬೀಜಿಂಗ್ ಮತ್ತು ಮಾಸ್ಕೋಗೆ ಭೇಟಿ ಕೊಡುವ ಮೊದಲು ಬರೂಕ್ ಫಿಶಾಫ್ ಮತ್ತು ರೂತ್ ಬೇತ್ ಎಂಬ ಮನೋವಿಜ್ಞಾನಿಗಳು, ಆ ಭೇಟಿಗಳಲ್ಲಿ ಏನೇನು ನಡೆಯುವ ಸಾಧ್ಯತೆ ಎಷ್ಟೆಷ್ಟಿದೆ ಎಂದು ಕೆಲವರನ್ನು ಕೇಳಿದ್ದರು. ಭೇಟಿಗಳು ಮುಗಿದ ಮೇಲೆ, ತಾವು ಮೊದಲು ಹೇಳಿದ್ದನ್ನು ನೆನಪಿಸಿಕೊಳ್ಳುವಂತೆ ಅವರನ್ನೇ ಕೇಳಿದಾಗ, ನಿಜವಾಗಿ ನಡೆದ ಸಂಗತಿಗಳನ್ನು ತಾವು ಹೆಚ್ಚು ಖಚಿತವಾಗಿ ಊಹಿಸಿದ್ದೆವೆಂದೇ ಅವರು ನಂಬಿದ್ದರು. 1975ರಲ್ಲಿ ಪ್ರಕಟವಾದ ಈ ಅಧ್ಯಯನದ ಪಾಠವನ್ನು ಬದುಕಿಗೂ ಅನ್ವಯಿಸಬಹುದು. ಆದ್ದರಿಂದ ನೆನಪನ್ನೊಂದೇ ನಂಬದೆ, ಹಳೆಯ ಪತ್ರ, ಇಮೇಲ್, ದಿನಚರಿಗಳ ದಿನಾಂಕಗಳನ್ನು ಪಕ್ಕದಲ್ಲಿಟ್ಟುಕೊಂಡು ಬರೆಯಿರಿ. (ನನ್ನ ಹಳೆಯ ದಿನಚರಿಗಳಲ್ಲಿ ಬಹಳ ಮುಖ್ಯವೆಂದು ಅಡಿಗೆರೆ ಎಳೆದಿದ್ದ ಮೂರು ದಿನಗಳ ಪೈಕಿ ಎರಡರಿಂದ ಏನೂ ಹುಟ್ಟಲಿಲ್ಲ; ನಿಜವಾಗಿ ದಾರಿ ಬದಲಿಸಿದ ಭೇಟಿಯ ಬಗ್ಗೆ ಅಂದು ಬರೆದದ್ದು ಒಂದೇ ಸಾಲು.)

ಇದು ತಿರುವೇ ಎಂದು ತಿಳಿಯುವುದು

ಮುಂದೆ ಬಂದಿರುವ ಅವಕಾಶವಾಗಲಿ ಬಿಕ್ಕಟ್ಟಾಗಲಿ ನಿಜವಾದ ತಿರುವೇ ಎಂದು ಅಳೆಯಲು ನಾನು ಬಳಸುವುದು ಎರಡು ಪ್ರಶ್ನೆಗಳನ್ನು. ಒಪ್ಪಿಕೊಂಡರೆ ನನ್ನ ದಿನನಿತ್ಯದಲ್ಲಿ ಏನು ಬದಲಾಗುತ್ತದೆ, ಅಂದರೆ ಯಾರ ಜೊತೆ ಕೆಲಸ ಮಾಡುತ್ತೇನೆ, ಏನನ್ನು ಕಲಿಯುತ್ತೇನೆ, ಯಾವ ತಪ್ಪುಗಳಿಗೆ ಹೊಣೆಯಾಗುತ್ತೇನೆ? ಮತ್ತು ಒಂದು ವರ್ಷದ ನಂತರ ಮನಸ್ಸು ಬದಲಾದರೆ ಹಿಂದಿರುಗಲು ಸಾಧ್ಯವೇ? ಸಂಬಳ ಮತ್ತು ಹುದ್ದೆಯ ಹೆಸರು ಮಾತ್ರ ಬದಲಾಗುವ ಬಡ್ತಿಯನ್ನು ನಾನು ತಿರುವೆಂದು ಕರೆಯುವುದಿಲ್ಲ. ಸಂಬಳ ಕಡಿಮೆಯಾದರೂ ಬೇರೆ ಬಗೆಯ ಜನರ ನಡುವೆ ಕೂರಿಸುವ ಕೆಲಸ ಅನೇಕ ವೇಳೆ ತಿರುವಾಗಿರುತ್ತದೆ. ಹಿಂದಿರುಗಬಹುದಾದ ನಿರ್ಧಾರಕ್ಕೆ ವಾರಗಟ್ಟಲೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ; ಹಿಂದಿರುಗಲಾಗದ ನಿರ್ಧಾರಕ್ಕೆ ಕೆಳಗಿನ ಕ್ರಮವೆಲ್ಲ ಬೇಕಾಗುತ್ತದೆ. ಎರಡರಲ್ಲಿಯೂ ಮೊದಲ ಕೆಲಸ ಒಂದೇ: ಉತ್ತರ ಕೊಡಲು ಎಷ್ಟು ದಿನಗಳಿವೆ ಎಂದು ಕೇಳಿ, ದಿನಾಂಕವನ್ನು ಬರೆದಿಟ್ಟುಕೊಳ್ಳುವುದು.

ಹಾಳೆಯ ಎರಡು ಬದಿಗಳು

ರಸಾಯನ ಶಾಸ್ತ್ರಜ್ಞ ಜೋಸೆಫ್ ಪ್ರೀಸ್ಟ್ಲಿ ಅವರಿಗೆ 1772ರಲ್ಲಿ ಲಾರ್ಡ್ ಶೆಲ್ಬರ್ನ್ ಅವರಿಂದ ಉದ್ಯೋಗದ ಆಹ್ವಾನ ಬಂದಿತ್ತು. ಒಪ್ಪಬೇಕೋ ಬೇಡವೋ ತಿಳಿಯದೆ ಅವರು ಸ್ನೇಹಿತ ಬೆಂಜಮಿನ್ ಫ್ರಾಂಕ್ಲಿನ್ ಅವರ ಸಲಹೆ ಕೇಳಿದರು. ಸೆಪ್ಟೆಂಬರ್ 19ರಂದು ಫ್ರಾಂಕ್ಲಿನ್ ಬರೆದ ಉತ್ತರದಲ್ಲಿ, ಸಾಕಷ್ಟು ಮಾಹಿತಿ ಇಲ್ಲದ ಕಾರಣ ಏನು ನಿರ್ಧರಿಸಬೇಕೆಂದು ಹೇಳಲಾರೆ, ಹೇಗೆ ನಿರ್ಧರಿಸಬೇಕೆಂದು ಹೇಳಬಲ್ಲೆ ಎಂದಿತ್ತು. ಅವರ ವಿಧಾನ ಹೀಗಿದೆ. ಹಾಳೆಯ ನಡುವೆ ಗೆರೆ ಎಳೆದು ಒಂದು ಬದಿಗೆ ಪರವಾದ ಕಾರಣಗಳನ್ನೂ ಇನ್ನೊಂದು ಬದಿಗೆ ವಿರುದ್ಧವಾದವನ್ನೂ ಬರೆಯಬೇಕು. ಒಂದೇ ಸಲಕ್ಕೆ ಕೂತು ಮುಗಿಸದೆ, ಮೂರು ನಾಲ್ಕು ದಿನಗಳ ಕಾಲ ಹೊಳೆದಂತೆಲ್ಲ ಸೇರಿಸಬೇಕು. ಆಮೇಲೆ ಪ್ರತಿ ಕಾರಣದ ತೂಕವನ್ನು ಅಂದಾಜಿಸಿ, ಎರಡೂ ಬದಿಯಲ್ಲಿ ಸಮತೂಕದವು ಸಿಕ್ಕಾಗ ಎರಡನ್ನೂ ಹೊಡೆದುಹಾಕಬೇಕು. ಪರವಾದ ಒಂದು ಕಾರಣ ವಿರುದ್ಧದ ಎರಡಕ್ಕೆ ಸಮನಾದರೆ ಮೂರನ್ನೂ ಹೊಡೆದುಹಾಕಬೇಕು. ಕೊನೆಗೆ ಉಳಿದದ್ದನ್ನು ನೋಡಿ, ಇನ್ನೂ ಒಂದೆರಡು ದಿನ ಹೊಸದೇನೂ ಹೊಳೆಯದಿದ್ದರೆ ನಿರ್ಧರಿಸಬೇಕು.

ಈ ವಿಧಾನದ ಜೀವಾಳ ಪಟ್ಟಿಯಲ್ಲಿಲ್ಲ, ಆ ಮೂರು ನಾಲ್ಕು ದಿನಗಳಲ್ಲಿದೆ. ಫ್ರಾಂಕ್ಲಿನ್ ಅವರೇ ಹೇಳುವಂತೆ, ಕಷ್ಟದ ಪ್ರಶ್ನೆಗಳಲ್ಲಿ ಎಲ್ಲ ಕಾರಣಗಳೂ ಒಟ್ಟಿಗೆ ಮನಸ್ಸಿನೆದುರು ನಿಲ್ಲುವುದಿಲ್ಲ. ಒಂದು ಗುಂಪು ಬಂದಾಗ ಇನ್ನೊಂದು ಗುಂಪು ಮರೆಯಾಗಿರುತ್ತದೆ. ಬೆಳಿಗ್ಗೆ ಉತ್ಸಾಹವಿದ್ದಾಗ ಬರೆದ ಕಾರಣಗಳ ಪಕ್ಕದಲ್ಲಿ ರಾತ್ರಿ ದಣಿದಾಗ ಬರೆದವೂ ಇರಲಿ. ಎರಡು ಬಣ್ಣದ ಶಾಯಿ ಬಳಸಿದರೆ ಯಾವುದು ಯಾವ ಹೊತ್ತಿನದೆಂದು ಗೊತ್ತಾಗುತ್ತದೆ. ಅಂದ ಹಾಗೆ, ಪ್ರೀಸ್ಟ್ಲಿ ಆ ಉದ್ಯೋಗವನ್ನು ಒಪ್ಪಿಕೊಂಡರು, ಮತ್ತು ಅದೇ ಅವಧಿಯಲ್ಲಿ, 1774ರ ಆಗಸ್ಟ್‌ನಲ್ಲಿ, ಶೆಲ್ಬರ್ನ್ ಅವರ ಬಂಗಲೆಯ ಪ್ರಯೋಗಾಲಯದಲ್ಲಿ ಆಮ್ಲಜನಕವನ್ನು ಬೇರ್ಪಡಿಸಿದರು.

ಕಾರಣಗಳು ಎಷ್ಟು ಹೊಡೆದುಹಾಕಿದರೂ ಸಮನಾಗಿಯೇ ಉಳಿದರೆ? ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್, ಇಂಥ ಡೋಲಾಯಮಾನ ಸ್ಥಿತಿಯಲ್ಲಿದ್ದವರು ಕಂಪ್ಯೂಟರಿನಲ್ಲಿ ನಾಣ್ಯ ಚಿಮ್ಮಿ ನಿರ್ಧರಿಸುವ ಅಧ್ಯಯನವೊಂದನ್ನು ನಡೆಸಿದ್ದರು; 20,000ಕ್ಕೂ ಹೆಚ್ಚು ಸಲ ನಾಣ್ಯ ಚಿಮ್ಮಲಾಯಿತು. ಕೆಲಸ ಬಿಡುವಂಥ ದೊಡ್ಡ ಪ್ರಶ್ನೆಗಳಲ್ಲಿ, ಬದಲಾವಣೆಯನ್ನು ಆರಿಸಿಕೊಂಡವರು ಆರು ತಿಂಗಳ ನಂತರ ಸರಾಸರಿಯಲ್ಲಿ ಹೆಚ್ಚು ಸಂತೋಷವಾಗಿದ್ದರು. ಇದು ನಾಣ್ಯದ ಹೊಗಳಿಕೆಯಲ್ಲ, ಮತ್ತು ಎಲ್ಲರಿಗೂ ಹೊಂದುವ ಮಾತೂ ಅಲ್ಲ, ಏಕೆಂದರೆ ಅಲ್ಲಿಗೆ ಬಂದವರೆಲ್ಲ ಮೊದಲೇ ಎರಡು ಮನಸ್ಸಿನವರು. ಆದರೆ ನೀವೂ ಅದೇ ಸ್ಥಿತಿಯಲ್ಲಿದ್ದರೆ, ತಕ್ಕಡಿಯನ್ನು ಬದಲಾವಣೆಯ ಕಡೆಗೆ ತುಸು ವಾಲಿಸುವುದು ತಪ್ಪಲ್ಲ.

ಸಲಹೆ ಕೇಳುವ ರೀತಿ

ಡಾರ್ವಿನ್ ಅವರ ತಂದೆ ಬೇಡವೆಂದು ಬಾಗಿಲು ಮುಚ್ಚಿರಲಿಲ್ಲ. ವಿವೇಕವುಳ್ಳ ಯಾರಾದರೊಬ್ಬರು ಹೋಗೆಂದು ಸಲಹೆ ಕೊಟ್ಟರೆ ತಾನೂ ಒಪ್ಪುವೆನೆಂದು ಹೇಳಿದ್ದರು. ಡಾರ್ವಿನ್ ಆಗ ಮಾಡಿದ ಕೆಲಸ ಅನುಕರಣೀಯ. ಅವರು ತಮ್ಮ ಆಸೆಯನ್ನು ಸಮರ್ಥಿಸುವ ಪಟ್ಟಿ ಮಾಡಲಿಲ್ಲ, ತಂದೆಯ ಎಂಟು ಆಕ್ಷೇಪಗಳನ್ನು ಪಟ್ಟಿ ಮಾಡಿದರು: ಮುಂದೆ ಪಾದ್ರಿಯಾಗುವವನಿಗೆ ಇದು ಶೋಭಿಸದು, ಇದೊಂದು ಹುಚ್ಚು ಯೋಜನೆ, ಆಮೇಲೆ ಇವನು ಎಲ್ಲಿಯೂ ನೆಲೆನಿಲ್ಲಲಾರ, ಇದು ಮತ್ತೊಮ್ಮೆ ವೃತ್ತಿ ಬದಲಿಸಿದಂತೆ, ಇದರಿಂದ ಪ್ರಯೋಜನವಿಲ್ಲ, ಇತ್ಯಾದಿ. ವೆಡ್ಜ್‌ವುಡ್ ಅವರು ಪ್ರತಿಯೊಂದಕ್ಕೂ ಬೇರೆ ಬೇರೆಯಾಗಿ ಉತ್ತರ ಬರೆದರು. ಪ್ರಯೋಜನವಿಲ್ಲವೆಂಬ ಆಕ್ಷೇಪಕ್ಕೆ, ವೃತ್ತಿಯ ದೃಷ್ಟಿಯಿಂದ ಅದು ನಿಜವೆಂದು ಒಪ್ಪಿಕೊಂಡೇ, ಕುತೂಹಲವುಳ್ಳವನಿಗೆ ಲೋಕವನ್ನೂ ಜನರನ್ನೂ ಕಾಣಲು ಸಿಗುವ ಅಪರೂಪದ ಅವಕಾಶವಿದು ಎಂದರು.

ನೀವೂ ಹೀಗೆಯೇ ಮಾಡಿ. ಮನೆಯವರ ಅಥವಾ ಸಹೋದ್ಯೋಗಿಗಳ ವಿರೋಧವನ್ನು ಅವರದೇ ಮಾತುಗಳಲ್ಲಿ, ವ್ಯಂಗ್ಯ ಬೆರೆಸದೆ ಬರೆದು, ಅವರೂ ಗೌರವಿಸುವ ಒಬ್ಬರ ಬಳಿಗೆ ಕೊಂಡೊಯ್ಯಿರಿ. ಹತ್ತು ಜನರನ್ನು ಕೇಳುವ ಅಗತ್ಯವಿಲ್ಲ. ಅಷ್ಟು ಜನರನ್ನು ಕೇಳುವವರು ಸಾಮಾನ್ಯವಾಗಿ ತಮಗೆ ಬೇಕಾದ ಉತ್ತರ ಸಿಗುವವರೆಗೆ ಕೇಳುತ್ತಿರುತ್ತಾರೆ.

ತಿರುವು ಪೆಟ್ಟಾಗಿ ಬಂದಾಗ

ಕೆಲಸ ಹೋದಾಗ, ಹಿಂಬಡ್ತಿಯಾದಾಗ, ಪರೀಕ್ಷೆಯಲ್ಲಿ ಸೋತಾಗ ಆಯ್ಕೆಯ ಪ್ರಶ್ನೆಯೇ ಇರುವುದಿಲ್ಲ. ಆಗ ಮೊದಲ ಕೆಲವು ವಾರ, ಅನಿವಾರ್ಯವಾದುದನ್ನು ಬಿಟ್ಟು, ಹಿಂತೆಗೆದುಕೊಳ್ಳಲಾಗದ ಯಾವ ಹೆಜ್ಜೆಯನ್ನೂ ಇಡಬೇಡಿ. ಕಳೆದುಕೊಂಡದ್ದೇನು, ಉಳಿದಿರುವುದೇನು ಎಂಬ ಎರಡು ಪಟ್ಟಿಗಳನ್ನು ಮಾಡಿ. ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿದ್ದ ಜೀವರಸಾಯನ ವಿಜ್ಞಾನಿ ಕಾಟಲಿನ್ ಕಾರಿಕೋ ಅವರಿಗೆ 1995ರಲ್ಲಿ ಹಿಂಬಡ್ತಿಯಾಯಿತು. ಪ್ರೋಟೀನ್ ತಯಾರಿಸುವ ಸೂಚನೆಯನ್ನು ಜೀವಕೋಶದೊಳಗೆ ಒಯ್ಯುವ ಅಣುವಾದ ಎಂಆರ್‌ಎನ್‌ಎ ಕುರಿತ ಅವರ ಸಂಶೋಧನೆಗೆ ಅನುದಾನ ಸಿಕ್ಕಿರಲಿಲ್ಲ. ಹೋದದ್ದು ಹುದ್ದೆ ಮತ್ತು ಸಂಬಳ. ಉಳಿದದ್ದು ಕೌಶಲ, ಪ್ರಯೋಗದ ಮೇಜು ಮತ್ತು ಉತ್ತರ ಸಿಗದ ಪ್ರಶ್ನೆ. ಮುಂದೆ ನೆರಳಚ್ಚು ಯಂತ್ರದ ಬಳಿ ರೋಗನಿರೋಧಕ ಶಕ್ತಿಯ ಸಂಶೋಧಕ ಡ್ರೂ ವೈಸ್‌ಮನ್ ಅವರ ಪರಿಚಯವಾಯಿತು, 2005ರಲ್ಲಿ ಇಬ್ಬರ ಮುಖ್ಯ ಸಂಶೋಧನೆ ಪ್ರಕಟವಾಯಿತು, 2023ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಆದರೆ ಈ ಕಥೆಯನ್ನು ಅರ್ಧ ಮಾತ್ರ ಕಲಿಯಬೇಕು. ಹಟ ಹಿಡಿದು ಕೂತು ಏನೂ ಸಿಗದವರ ಕಥೆಗಳನ್ನು ಯಾರೂ ಬರೆದಿಡುವುದಿಲ್ಲವಾದ್ದರಿಂದ, ಅದೇ ದಾರಿಯಲ್ಲಿ ಉಳಿಯಲು ನಿರ್ಧರಿಸಿದರೆ ಮರುಪರಿಶೀಲನೆಯ ದಿನಾಂಕವೊಂದನ್ನೂ, ಆ ಹೊತ್ತಿಗೆ ಯಾವ ಪ್ರಗತಿ ಕಂಡರೆ ಮುಂದುವರಿಯುವಿರಿ ಎಂಬುದನ್ನೂ ಈಗಲೇ ಬರೆದಿಡಿ.

ಬೇಡವೆನ್ನುವಾಗ

ನಿರಾಕರಣೆಗೂ ಒಂದು ಕ್ರಮವಿದೆ. ಗಡುವಿನೊಳಗೆ ಉತ್ತರಿಸಿ, ನಿಜವಾದ ಕಾರಣವನ್ನು ಹೇಳಿ. ಆಗಸ್ಟ್ 30ರ ಪತ್ರದಲ್ಲಿ ಡಾರ್ವಿನ್, ತಮಗೆ ಹೋಗಲು ಸಂತೋಷವೇ, ತಂದೆಯ ಅಸಮ್ಮತಿಯೇ ಅಡ್ಡಿ ಎಂದು ಸ್ಪಷ್ಟವಾಗಿ ಬರೆದಿದ್ದರು. ಆ ಅಡ್ಡಿ ಸರಿದಾಗ ಮಾತು ಬದಲಿಸಲು ಸಂಕೋಚಪಡಬೇಕಾಗಲಿಲ್ಲ. 1913ರ ಜನವರಿ 16ರಂದು ಕೇಂಬ್ರಿಡ್ಜ್‌ನ ಗಣಿತಜ್ಞ ಹಾರ್ಡಿ ಅವರಿಗೆ ತಮ್ಮ ಪ್ರಮೇಯಗಳನ್ನು ಕಳುಹಿಸಿದ ಶ್ರೀನಿವಾಸ ರಾಮಾನುಜನ್, ಕೇಂಬ್ರಿಡ್ಜ್‌ಗೆ ಬರುವಂತೆ ಕರೆ ಬಂದಾಗ ಮೊದಲು ಒಪ್ಪಲಿಲ್ಲ. ಪತ್ರವ್ಯವಹಾರ ಮಾತ್ರ ನಿಲ್ಲಲಿಲ್ಲ, ಮತ್ತು 1914ರ ಮಾರ್ಚ್ 17ರಂದು ಅವರು ಹಡಗು ಹತ್ತಿದರು.

ಬೀಗಲ್ ಹಡಗಿನ ಆ ಸ್ಥಾನ ಡಾರ್ವಿನ್ ಅವರಿಗಿಂತ ಮೊದಲು ಲಿಯೊನಾರ್ಡ್ ಜೆನಿನ್ಸ್ ಎಂಬ ಪಾದ್ರಿಯ ಮುಂದೆ ಬಂದಿತ್ತು. ತಮ್ಮ ಚರ್ಚಿನ ಹೊಣೆಯನ್ನು ಬಿಟ್ಟು ಹೋಗಲಾರದೆ ಅವರು ಬೇಡವೆಂದರು. ಡಾರ್ವಿನ್ ಮರಳಿ ಬಂದ ಮೇಲೆ, ಯಾನದಲ್ಲಿ ಸಂಗ್ರಹಿಸಿದ ಮೀನುಗಳನ್ನು ಅಧ್ಯಯನ ಮಾಡಿ ವಿವರಿಸುವ ಕೆಲಸವನ್ನು ಜೆನಿನ್ಸ್ ಅವರಿಗೆ ಒಪ್ಪಿಸಿದರು, ಮತ್ತು ಅವರು ಅದನ್ನು ಮಾಡಿ ಮುಗಿಸಿದರು.